ಗೆಳೆಯನಿಗೆ ಗೇಮಿಂಗ್ ಪಿಸಿ ಕಟ್ಟಿದ್ದು: ಅರವತ್ತು ಸಾವಿರವನ್ನು ಎಲ್ಲೆಲ್ಲಿ ಇಟ್ಟೆ

ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿನ ಕ್ಯಾಬಿನೆಟ್. ಗೆಳೆಯ ಒಂದು ಅಂಗಡಿಯಿಂದ ಬರೆಸಿಕೊಂಡು ಬಂದ ಕೊಟೇಶನ್‌ನಲ್ಲಿ ಇದ್ದದ್ದು ಇಷ್ಟೇ. ಐ7 ಯಾವ ಜನರೇಶನ್‌ದು, ಕಾರ್ಡಿನ ಮಾಡೆಲ್ ಯಾವುದು, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಡಬ್ಬಿ) ಯಾರದು, ಈ ಮೂರೂ ಅದರಲ್ಲಿ ಇರಲಿಲ್ಲ. ಅವನಿಂದಲೇ ಫೋನ್ ಮಾಡಿಸಿ ಕೇಳಿದೆ. ಪ್ರೊಸೆಸರ್ ಐ7-3770, 2012ರದ್ದು. ಕಾರ್ಡು ಜಿಟಿ 730, 2014ರದ್ದು. ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬರುತ್ತದಂತೆ.

‘ಐ7 ಅಂದ್ರೆ ಐ5ಕ್ಕಿಂತ ದೊಡ್ಡದಲ್ಲೇನಲೇ?’ ಅಂದ. ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ, ಹೆಸರು ಇಟ್ಟಿರುವುದೇ ಹಾಗೆ. ಆದರೆ ಆ ಐ7ಗೆ ಇರುವುದು 4 ಕೋರ್, 8 ಥ್ರೆಡ್, ಅಂದರೆ ಲೆಕ್ಕ ಮಾಡುವ ನಾಲ್ಕು ಘಟಕ, ಒಮ್ಮೆಗೆ ಎಂಟು ಕೆಲಸದ ಸಾಲು. 2022ರಲ್ಲಿ ಬಂದ ಐ3-12100ಎಫ್‌ಗೂ ಅಷ್ಟೇ ಕೋರ್, ಅಷ್ಟೇ ಥ್ರೆಡ್; ಕೆಲಸದಲ್ಲಿ ಮಾತ್ರ ಅದು ಹಳೆಯ ಐ7ನ್ನು ಬಹಳ ಹಿಂದೆ ಬಿಡುತ್ತದೆ. ಕಾರ್ಡಿನ ‘4 ಜಿಬಿ’ಯೂ ಹಾಗೇ. ಅದು ಗೋದಾಮು ಎಷ್ಟು ದೊಡ್ಡದು ಎಂದು ಹೇಳುತ್ತದೆ, ಸರಕು ಎಷ್ಟು ಬೇಗ ಒಳಗೆ ಹೊರಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಜಿಟಿ 730ರ 4 ಜಿಬಿ ನಿಧಾನದ ಡಿಡಿಆರ್3 ಮೆಮೊರಿ. ಇನ್ನೊಂದು ತೊಡಕು: ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಜನರೇಶನ್ ಅಥವಾ ಅದರ ನಂತರದ್ದೇ ಬೇಕು, ಮತ್ತು ಇವನು ದಿನಾ ಸಂಜೆ ಆಡುವ ವ್ಯಾಲೊರೆಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳನ್ನೂ ಕೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯುವುದು ಆಗಲೇ ಗೊತ್ತಿತ್ತು. ದುಡಿದ ದುಡ್ಡು ಕೊಟ್ಟು ಬಾಗಿಲು ಮುಚ್ಚಿಕೊಳ್ಳುತ್ತಿರುವ ಮಷಿನ್ ತರುವುದು ನನಗೆ ಸರಿ ಕಾಣಲಿಲ್ಲ. ‘ನಾನೇ ಕಟ್ಟಿಕೊಡ್ತೀನಿ, ಸ್ವಲ್ಪ ತಾಳು’ ಅಂದೆ.

ಇದು 2024ರ ಮಾತು. ಮಾನಿಟರ್ ಸೇರಿ ಅರವತ್ತು ಸಾವಿರ ಅವನ ಮಿತಿ. ಕೀಬೋರ್ಡ್, ಮೌಸ್ ಅವನಲ್ಲಿದ್ದವು. ಹಳೆಯ ಲ್ಯಾಪ್‌ಟಾಪಿನ 1 ಟಿಬಿ ಹಾರ್ಡ್ ಡಿಸ್ಕೂ ಇತ್ತು.

ನಾನು ಪಟ್ಟಿಯನ್ನು ಪ್ರೊಸೆಸರ್‌ನಿಂದ ಶುರು ಮಾಡುವುದಿಲ್ಲ, ಪರದೆಯಿಂದ ಶುರು ಮಾಡುತ್ತೇನೆ. ಪರದೆ ಎಷ್ಟು ಚುಕ್ಕಿಗಳದ್ದು, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು ಗೊತ್ತಾದರೆ ಯಾವ ಕಾರ್ಡು ಬೇಕು ಎಂಬುದು ಗೊತ್ತಾಗುತ್ತದೆ. ಕಾರ್ಡಿನಿಂದ ಪ್ರೊಸೆಸರ್, ಅವೆರಡರಿಂದ ಎಸ್‌ಎಂಪಿಎಸ್. ಅವನು ಗೆಳೆಯರ ಜೊತೆ ಆಡುವುದು ವ್ಯಾಲೊರೆಂಟ್ ಮತ್ತು ಕೌಂಟರ್-ಸ್ಟ್ರೈಕ್ 2. ಒಬ್ಬನೇ ಕೂತು ಆಡಬೇಕು ಅಂತ ಆಸೆಪಟ್ಟದ್ದು ಜಿಟಿಎ 5, ರೆಡ್ ಡೆಡ್ ರಿಡೆಂಪ್ಶನ್ 2. ಮೊದಲಿನ ಎರಡಕ್ಕೆ ಫ್ರೇಮುಗಳು (ಸೆಕೆಂಡಿಗೆ ಮೂಡುವ ಚಿತ್ರಗಳು) ಹೆಚ್ಚಿದ್ದಷ್ಟೂ ಒಳ್ಳೆಯದು, ಅಲ್ಲಿ ಪ್ರೊಸೆಸರ್ ಗಟ್ಟಿ ಇರಬೇಕು. ಕೊನೆಯದಕ್ಕೆ ಕಾರ್ಡಿನ ಶಕ್ತಿಯೇ ಬೇಕು. ಅದಕ್ಕೇ 1920×1080ರ, 144 ಹರ್ಟ್ಜ್‌ನ ಐಪಿಎಸ್ ಮಾನಿಟರಿಗೆ ಸುಮಾರು ಹತ್ತು ಸಾವಿರ ತೆಗೆದಿಟ್ಟೆ. ಇನ್ನೂ ಹೆಚ್ಚು ಚುಕ್ಕಿಗಳ 1440ರ ಪರದೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಅದನ್ನು ಓಡಿಸುವ ಕಾರ್ಡಿಗೆ ಈ ದುಡ್ಡು ಸಾಲದು.

ಕಾರ್ಡಿನ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. ಸುಮಾರು ಇಪ್ಪತ್ತು ಸಾವಿರ, ಅಂದರೆ ಒಟ್ಟು ಬಜೆಟ್ಟಿನ ಮೂರನೇ ಒಂದು ಭಾಗ, ಇದಕ್ಕೇ ಹೋಗಲಿ ಎಂದು ತೀರ್ಮಾನಿಸಿದ್ದೆ. ಆ ಬೆಲೆಯ ಸುತ್ತ ಎರಡು ಕಾರ್ಡುಗಳಿದ್ದವು: ಎಎಂಡಿಯ ಆರ್‌ಎಕ್ಸ್ 6600, ಎನ್‌ವಿಡಿಯಾದ ಆರ್‌ಟಿಎಕ್ಸ್ 3050. ಎರಡಕ್ಕೂ 8 ಜಿಬಿ ಮೆಮೊರಿ, ಎರಡೂ ಹೆಚ್ಚುಕಡಿಮೆ 130 ವ್ಯಾಟ್ ಕುಡಿಯುತ್ತವೆ. 1080ರಲ್ಲಿ 6600 ಸುಮಾರು ಕಾಲುಭಾಗ ಹೆಚ್ಚು ಫ್ರೇಮ್ ಕೊಡುತ್ತದೆ. 3050ಕ್ಕೆ ಡಿಎಲ್‌ಎಸ್‌ಎಸ್ (ಕಡಿಮೆ ಚುಕ್ಕಿಯ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ತಂತ್ರ) ಇದೆ, ಆಟವನ್ನು ರೆಕಾರ್ಡ್ ಮಾಡಿ ಹಾಕುವವರಿಗೆ ಅದರ ಎನ್‌ಕೋಡರ್ ಚೆನ್ನ. ನನ್ನ ಗೆಳೆಯನಿಗೆ ರೆಕಾರ್ಡಿಂಗ್ ಬೇಡ, ಆಟ ಬೇಕು. 6600 ಆಯ್ದುಕೊಂಡೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. 2024ರ ಫೆಬ್ರವರಿಯಲ್ಲಿ 3050ರ ಹೆಸರಿನಲ್ಲೇ 6 ಜಿಬಿಯ ಇನ್ನೊಂದು ಕಾರ್ಡು ಬಂತು. ಅದರಲ್ಲಿ 2 ಜಿಬಿ ಮೆಮೊರಿ ಕಡಿಮೆಯಾಗಿರುವುದಷ್ಟೇ ಅಲ್ಲ. ಕೋರ್‌ಗಳು 2560ರಿಂದ 2304ಕ್ಕೆ ಇಳಿದಿವೆ, ಮೆಮೊರಿಯ ದಾರಿ 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಗಿದೆ. ಬೇರೆ ಪವರ್ ವೈರ್ ಇಲ್ಲದೆ 70 ವ್ಯಾಟ್‌ನಲ್ಲಿ ಓಡುವುದರಿಂದ ಹಳೆಯ ಆಫೀಸ್ ಕಂಪ್ಯೂಟರಿಗೆ ಹಾಕಲು ಅದು ಒಳ್ಳೆಯದೇ, ಆದರೆ 8 ಜಿಬಿಯದ್ದು ಅಂದುಕೊಂಡು ತರಬಾರದು. ಎರಡನೆಯದು ಆರ್‌ಎಕ್ಸ್ 6500 ಎಕ್ಸ್‌ಟಿ. ಹೆಸರಲ್ಲಿ 6600ಕ್ಕೆ ಹತ್ತಿರ ಕಂಡರೂ ಅದಕ್ಕೆ 4 ಜಿಬಿ ಮೆಮೊರಿ, ಮದರ್‌ಬೋರ್ಡಿನ ಜೊತೆ ಮಾತಾಡಲು ಪಿಸಿಐಇ ಎಂಬ ದಾರಿಯ ನಾಲ್ಕೇ ಲೇನ್. ಹಳೆಯ ಬೋರ್ಡಿನಲ್ಲಿ ಅದು ಇನ್ನೂ ಸೊರಗುತ್ತದೆ.

ಪ್ರೊಸೆಸರ್ ರೈಜೆನ್ 5 5600: 6 ಕೋರ್, 12 ಥ್ರೆಡ್, 65 ವ್ಯಾಟ್, ಫ್ಯಾನ್ ಬಾಕ್ಸಿನಲ್ಲೇ ಬರುತ್ತದೆ. 5500 ಇನ್ನೂ ಅಗ್ಗ, ಆದರೆ ಅದರ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ, 5600ದು 32. ವ್ಯಾಲೊರೆಂಟ್ ಥರದ ಆಟದಲ್ಲಿ ಈ ಕ್ಯಾಶ್ ಲೆಕ್ಕಕ್ಕೆ ಬರುತ್ತದೆ. ಪ್ರೊಸೆಸರ್ ಕೂರುವ ಹೊಸ ಎಎಂ5 ಸಾಕೆಟ್ಟಿಗೆ ಹೋಗಬಹುದಿತ್ತು, ಆದರೆ ಅದಕ್ಕೆ ಡಿಡಿಆರ್5 ರ್‍ಯಾಮೇ ಬೇಕು, ಬೋರ್ಡೂ ದುಬಾರಿ. ಆ ಹೆಚ್ಚಿನ ದುಡ್ಡು ಕಾರ್ಡಿನಿಂದಲೇ ಕಿತ್ತುಕೊಳ್ಳಬೇಕಾಗುತ್ತಿತ್ತು. ಬೋರ್ಡು ಬಿ450. ಹಳೆಯ ಸ್ಟಾಕಿನ ಬಿ450 ಬೋರ್ಡುಗಳು ಬಯೋಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗದೆ 5000 ಸರಣಿಯ ಪ್ರೊಸೆಸರ್ ಗುರುತಿಸುವುದಿಲ್ಲ, ಹಾಗಾಗಿ ಬಾಕ್ಸಿನ ಮೇಲೆ ‘ರೈಜೆನ್ 5000 ರೆಡಿ’ ಸ್ಟಿಕರ್ ನೋಡಿಯೇ ತಂದೆ. ರ್‍ಯಾಮ್ 8 ಜಿಬಿಯ ಎರಡು ಕಡ್ಡಿ, 3200ರ ವೇಗದ್ದು. 16ರ ಒಂದೇ ಕಡ್ಡಿ ಬೇಡ. ಎರಡಿದ್ದರೆ ಡ್ಯುಯಲ್ ಚಾನೆಲ್, ಅಂದರೆ ಮೆಮೊರಿಗೆ ಎರಡು ದಾರಿ, ಸಿಗುತ್ತದೆ, ರೈಜೆನ್‌ಗೆ ಅದು ಬೇಕೇ ಬೇಕು. ವಿಂಡೋಸ್, ಆಟ ಇಡಲು ವೇಗದ ಎನ್‌ವಿಎಂಇ ಎಸ್‌ಎಸ್‌ಡಿ 500 ಜಿಬಿ. ರೆಡ್ ಡೆಡ್ ಒಂದೇ 150 ಜಿಬಿ ಕೇಳುವುದರಿಂದ ಇದು ಬೇಗ ತುಂಬುತ್ತದೆ ಎಂದು ಅವನಿಗೆ ಮೊದಲೇ ಹೇಳಿದ್ದೆ. ಫೋಟೊ, ಸಿನಿಮಾಗಳಿಗೆ ಹಳೆಯ ಹಾರ್ಡ್ ಡಿಸ್ಕ್.

ಈಗ ಎಸ್‌ಎಂಪಿಎಸ್. ಇದರ ಬಗ್ಗೆ ಯಾರೂ ಕೇಳುವುದಿಲ್ಲ, ಕ್ಯಾಬಿನೆಟ್ ಜೊತೆ ಬಂದದ್ದನ್ನೇ ಹಾಕಿಸಿಕೊಳ್ಳುತ್ತಾರೆ. ನನಗೆ ಇಡೀ ಪಟ್ಟಿಯಲ್ಲಿ ಚೌಕಾಸಿ ಮಾಡಲು ಮನಸ್ಸಾಗದ ಒಂದೇ ಐಟಂ ಇದು, ಏಕೆಂದರೆ ಇದು ಸುಟ್ಟರೆ ಪಕ್ಕದಲ್ಲಿರುವ ಇಪ್ಪತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಪರೀಕ್ಷೆ ಇದೆ: ಪಕ್ಕದ ಸ್ಟಿಕರ್‌ನಲ್ಲಿ 12 ವೋಲ್ಟಿನ ಸಾಲು ಹುಡುಕಿ ಅಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಬೇಕು. 550 ವ್ಯಾಟ್ ಎಂದು ಬರೆದಿದ್ದರೆ ಅಲ್ಲಿ 45 ಆಂಪಿಯರ್ ಆಸುಪಾಸು ಇರಬೇಕು, ಅಂದರೆ 540 ವ್ಯಾಟ್. ಕಾರ್ಡೂ ಪ್ರೊಸೆಸರೂ ತಿನ್ನುವುದು ಈ 12 ವೋಲ್ಟನ್ನೇ. ದೊಡ್ಡ ಅಕ್ಷರದಲ್ಲಿ 450 ಎಂದು ಬರೆದು 12 ವೋಲ್ಟಿನ ಮುಂದೆ 16 ಆಂಪಿಯರ್ ಬರೆದಿದ್ದರೆ ನಿಜವಾಗಿ ಸಿಗುವುದು 192 ವ್ಯಾಟ್. ಅಂಥದ್ದರಲ್ಲಿ ಕಾರ್ಡಿಗೆ ಬೇಕಾದ 8 ಪಿನ್ನಿನ ವೈರೂ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಮಷಿನ್ ಆಡುವಾಗ ತಿನ್ನುವುದು 300 ವ್ಯಾಟ್ ಒಳಗೇ. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಮುದ್ರೆ ಇರುವ 550 ವ್ಯಾಟ್‌ನದ್ದಕ್ಕೆ ನಾಲ್ಕು ಸಾವಿರದ ಹತ್ತಿರ ಕೊಟ್ಟೆ.

ಅವನ ಮನೆ ಹಳೇ ದಾವಣಗೆರೆಯಲ್ಲಿ. ಅಲ್ಲಿನ ಹಳೆಯ ವೈರಿಂಗ್ ಕಂಡ ಮೇಲೆ ಮಷಿನ್ ಇಡುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿದೆವು. ಗೋಡೆಯ ಸಾಕೆಟ್‌ನಲ್ಲಿ ಮೂರು ತೂತಿದ್ದ ಮಾತ್ರಕ್ಕೆ ಮೂರನೆಯದಕ್ಕೆ ಅರ್ಥಿಂಗ್ ಇದೆ ಎಂದಲ್ಲ. ಟೆಸ್ಟ್ ಲ್ಯಾಂಪನ್ನು ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ ಹತ್ತಲೇ ಇಲ್ಲ. ಅರ್ಥಿಂಗ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ಟಿನ ತಗಡಿಗೆ ಸಣ್ಣ ಕರೆಂಟ್ ಬಂದು, ಮುಟ್ಟಿದರೆ ಜುಂ ಅನ್ನುತ್ತದೆ. ಅವನ ಅಮ್ಮನೂ ಗುಡಿಸಿ ಒರೆಸುವ ಕೋಣೆ ಅದು. ಅರ್ಥ್ ವೈರ್ ಎಳೆಸಿದ ಮೇಲೆಯೇ ಮುಂದಿನ ಕೆಲಸ.

ಕರೆಂಟ್ ಹೋಗುವುದಕ್ಕೆ ಬೇರೆ ಯುಪಿಎಸ್ ಕೊಳ್ಳಲಿಲ್ಲ. ಮನೆಯಲ್ಲಿ ಸೈನ್‌ವೇವ್ ಇನ್ವರ್ಟರ್ ಇತ್ತು, ಅದರ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇತ್ತು. ಫ್ಯಾನು, ಲೈಟಿಗೆ ಮಾಮೂಲಿ ಮೋಡ್ ಸಾಕು. ಕಂಪ್ಯೂಟರಿಗೆ ಲೈನ್‌ನಿಂದ ಬ್ಯಾಟರಿಗೆ ಬದಲಾಗುವ ಹೊತ್ತು ಕಡಿಮೆ ಇರಬೇಕು. ಎಟಿಎಕ್ಸ್ ನಿಯಮದ ಎಸ್‌ಎಂಪಿಎಸ್ ಹೊರಗಿನ ಕರೆಂಟ್ ನಿಂತ ಮೇಲೂ 16-17 ಮಿಲಿಸೆಕೆಂಡ್ ತನ್ನೊಳಗಿನದರಲ್ಲೇ ದೂಡುತ್ತದೆ, ಯುಪಿಎಸ್ ಮೋಡ್ ಅಷ್ಟರೊಳಗೆ ಬದಲಾಗುತ್ತದೆ. ಕರೆಂಟ್ ಹೋದರೆ ಆಟ ಮುಗಿಸಿ ಶಟ್‌ಡೌನ್ ಮಾಡಬೇಕು, ಬ್ಯಾಟರಿಯ ಮೇಲೆ ಆಡುವುದಲ್ಲ ಎಂದು ಹೇಳಿದ್ದೇನೆ.

ಇನ್ನು ಬಿಸಿಲು, ದೂಳು. ಅವನದು ಮೇಲ್ಮಹಡಿಯ ಕೋಣೆ, ಮೇಲೆ ಆರ್‌ಸಿಸಿ ಸೂರು. ಏಪ್ರಿಲ್‌ನಲ್ಲಿ ಸಂಜೆ ಏಳಕ್ಕೂ ಗೋಡೆ ಬಿಸಿ ಇರುತ್ತದೆ. ಮಂಡಕ್ಕಿ ಭಟ್ಟಿಗಳೂ ದೂರವಿಲ್ಲ, ತಾರಸಿಯಲ್ಲಿ ಒಣಹಾಕಿದ ಬಿಳಿ ಬಟ್ಟೆಯ ಮೇಲೆ ಮಸಿ ಕೂರುವ ಜಾಗ. ಅವನ ಮನಸ್ಸಿದ್ದದ್ದು ಮುಂಭಾಗ ಪೂರ್ತಿ ಗಾಜಿರುವ, ಲೈಟಿನ ಕ್ಯಾಬಿನೆಟ್ ಮೇಲೆ. ಗಾಜಿನ ಮೂಲಕ ಗಾಳಿ ಬರುವುದಿಲ್ಲ ಎಂದು ವಿವರಿಸಿ, ಮುಂದೆ ಜಾಲರಿಯೂ ಅದರ ಹಿಂದೆ ಬಿಚ್ಚಿ ತೊಳೆಯಬಹುದಾದ ಫಿಲ್ಟರೂ ಇರುವುದನ್ನು ತಂದೆವು. ಮುಂದೆ ಗಾಳಿ ಎಳೆಯುವ ಎರಡು ಫ್ಯಾನ್, ಹಿಂದೆ ದೂಡುವ ಒಂದು. ಒಳಗೆ ಬರುವ ಗಾಳಿ ಹೆಚ್ಚಿದ್ದರೆ ಅದು ಸಂದುಗಳಿಂದ ಹೊರಗೇ ಹೋಗುತ್ತದೆ, ದೂಳು ಫಿಲ್ಟರಿನಲ್ಲೇ ಉಳಿಯುತ್ತದೆ. 5600ರ ಗರಿಷ್ಠ ಮಿತಿ 90 ಡಿಗ್ರಿ. ಬೇಸಿಗೆಯಲ್ಲೂ ಆಡುವಾಗ ಅದರ ಹತ್ತಿರ ಹೋಗಲಿಲ್ಲ.

ಮಾನಿಟರ್, ಕ್ಯಾಬಿನೆಟ್, ಎಸ್‌ಎಂಪಿಎಸ್ ಊರಿನಲ್ಲೇ ಕೊಂಡೆವು. ಪರದೆಯಲ್ಲಿ ಸತ್ತ ಚುಕ್ಕಿ ಇದ್ದರೆ ಅಲ್ಲೇ ಹಚ್ಚಿ ನೋಡಬಹುದು, ಕೆಟ್ಟರೆ ಬೈಕಿನ ಮೇಲೆ ಇಟ್ಟುಕೊಂಡು ಹೋಗಬಹುದು. ಕಾರ್ಡು, ಪ್ರೊಸೆಸರ್ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ರೈಲಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಬಂದೆ. ಅಲ್ಲಿ ಬಾಕ್ಸಿಲ್ಲದ ‘ಟ್ರೇ’ ಪ್ರೊಸೆಸರ್ ಕಡಿಮೆಗೆ ಕೊಡುತ್ತೇನೆ ಎಂದರು. ಬಾಕ್ಸಿನದಕ್ಕೆ ಎಎಂಡಿಯದೇ ಮೂರು ವರ್ಷದ ವಾರಂಟಿ ಇರುವುದರಿಂದ ಬಾಕ್ಸೇ ತೆಗೆದುಕೊಂಡೆ. ಜಿಎಸ್‌ಟಿ ಬಿಲ್ ಗೆಳೆಯನ ಹೆಸರಿಗೆ, ಸೀರಿಯಲ್ ನಂಬರ್ ಸಮೇತ ಬರೆಸಿದೆ.

ಜೋಡಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಡಿಸಿದ ಮೇಲೆ ಮಾಡದೆ ಬಿಟ್ಟುಹೋಗುವ ನಾಲ್ಕು ಕೆಲಸ ಮಾತ್ರ ಹೇಳಬೇಕು. ರ್‍ಯಾಮ್ ಕಡ್ಡಿಗಳು ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿರಬೇಕು, ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡದಿದ್ದರೆ 3200ರ ರ್‍ಯಾಮ್ ಕಡಿಮೆ ವೇಗದಲ್ಲೇ ತೆವಳುತ್ತದೆ. ಮಾನಿಟರಿನ ವೈರ್ ಕಾರ್ಡಿಗೇ ಚುಚ್ಚಬೇಕು, 5600ರಲ್ಲಿ ಗ್ರಾಫಿಕ್ಸ್ ಇಲ್ಲದ್ದರಿಂದ ಬೋರ್ಡಿನ ಎಚ್‌ಡಿಎಂಐಯಲ್ಲಿ ಏನೂ ಬರುವುದಿಲ್ಲ. ವ್ಯಾಲೊರೆಂಟ್‌ಗಾಗಿ ಎಫ್‌ಟಿಪಿಎಂ (ಎಎಂಡಿಯಲ್ಲಿ ಟಿಪಿಎಂಗೆ ಇರುವ ಹೆಸರು), ಸೆಕ್ಯೂರ್ ಬೂಟ್ ಆನ್ ಮಾಡಬೇಕು. ವಿಂಡೋಸ್ ತಾನಾಗಿ 60 ಹರ್ಟ್ಜ್‌ಗೆ ನಿಂತಿರಬಹುದು, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಆರಿಸಬೇಕು. ಅದನ್ನು ಬದಲಿಸಿ ಮೌಸ್ ಅಲ್ಲಾಡಿಸಿ ತೋರಿಸಿದಾಗ ‘ಇಷ್ಟು ನುಣುಪಾ!’ ಅಂದ. ನನಗೆ ಆ ಮಾತು ತುಂಬಾ ಖುಷಿ ಕೊಟ್ಟಿತು.

ಈಗ ಅವನ ಚಿಕ್ಕಪ್ಪನ ಮಗ ಅದೇ ಪಟ್ಟಿ ಕೇಳುತ್ತಿದ್ದಾನೆ. ಅದೇ ಪಟ್ಟಿ ಕೊಡಲು ಆಗುವುದಿಲ್ಲ, 2025ರ ಕೊನೆಯಿಂದ ರ್‍ಯಾಮಿನ ಬೆಲೆ ಜೋರಾಗಿ ಏರಿದೆ. ಅವನಿಗೆ ಡಿಡಿಆರ್4 ರ್‍ಯಾಮನ್ನು ಸೆಕೆಂಡ್ ಹ್ಯಾಂಡ್ ಹುಡುಕೋಣ ಎಂದಿದ್ದೇನೆ. ರ್‍ಯಾಮಿನಲ್ಲಿ ತಿರುಗುವ, ಸವೆಯುವ ಭಾಗವಿಲ್ಲ, ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆಯ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿದರೆ ಹೆಚ್ಚಿನ ದೋಷ ಗೊತ್ತಾಗುತ್ತದೆ. ಹಳೆಯ ಕಾರ್ಡನ್ನು ಬಿಲ್ ಮತ್ತು ಉಳಿದ ವಾರಂಟಿ ಇದ್ದರಷ್ಟೇ ನೋಡುತ್ತೇನೆ. ಎಸ್‌ಎಂಪಿಎಸ್ ಹೊಸದೇ. ಅವನ ಮನೆ ಹದಡಿ ರಸ್ತೆಯ ಕಡೆ, ಹೊಸ ಕಟ್ಟಡ. ಆದರೂ ಈ ಭಾನುವಾರ ಟೆಸ್ಟ್ ಲ್ಯಾಂಪ್ ತೆಗೆದುಕೊಂಡು ಹೋಗುತ್ತಿದ್ದೇನೆ.