ದೂರು ಮೊದಲು, ಸ್ತೋತ್ರ ಆಮೇಲೆ: ಕಷ್ಟದ ದಿನಗಳಲ್ಲಿ ಕೀರ್ತನೆಗಳ ಜೊತೆ ನನ್ನ ಅನುಭವ

ಕಷ್ಟ ಬಂದಾಗ ನಮ್ಮಲ್ಲಿ ಹೆಚ್ಚಿನವರು ಬೈಬಲ್ ತೆರೆದು ಹುಡುಕುವುದು ವಾಗ್ದಾನದ ವಚನಗಳನ್ನು. 'ಹೆದರಬೇಡ' ಎಲ್ಲಿದೆ, 'ಧೈರ್ಯವಾಗಿರು' ಎಲ್ಲಿದೆ ಎಂದು ಹುಡುಕಿ, ಹತ್ತು ಸಲ ಹೇಳಿಕೊಂಡು, ಹನ್ನೊಂದನೇ ಸಲಕ್ಕೂ ಎದೆ ಡವಗುಟ್ಟುತ್ತಿದ್ದರೆ 'ನನಗೆ ವಿಶ್ವಾಸವೇ ಇಲ್ಲವೇನೋ' ಎಂದು ಇನ್ನಷ್ಟು ಕುಗ್ಗುತ್ತೇವೆ. ನನ್ನ ಮಟ್ಟಿಗೆ ತಪ್ಪಿದ್ದು ವಿಶ್ವಾಸವಲ್ಲ, ಕ್ರಮ. ಭಯ ಒಳಗೆ ತುಂಬಿ ತುಳುಕುವಾಗ ಅದರ ಮೇಲೆ ವಾಗ್ದಾನ ಸುರಿದರೆ ಹೊರಗೆ ಚೆಲ್ಲಿಹೋಗುತ್ತದೆ. ಮೊದಲು ಒಳಗಿನದನ್ನು ಖಾಲಿ ಮಾಡಬೇಕು. ಬೈಬಲಿನ ಪ್ರಾರ್ಥನಾಗೀತೆಗಳಾದ ಕೀರ್ತನೆಗಳನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ಮೊರೆ, ದೂರು. ಅವನ್ನು ಪ್ರಾರ್ಥನೆಯಾಗಿ ಬಳಸುವುದನ್ನು ನಾನು ಹೇಗೆ ರೂಢಿ ಮಾಡಿಕೊಂಡೆ, ಎಲ್ಲೆಲ್ಲಿ ಎಡವುತ್ತೇವೆ ಎಂಬುದಷ್ಟೇ ಇಲ್ಲಿರುವುದು.

ಶುರು ಮಾಡಲು 13ನೇ ಕೀರ್ತನೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆರೇ ವಚನ, ಗಟ್ಟಿಯಾಗಿ ಓದಿದರೆ ಒಂದು ನಿಮಿಷ. ಎರಡೆರಡು ವಚನಗಳ ಮೂರು ಭಾಗ ಮಾಡಿಕೊಳ್ಳಿ: 1–2 ದೂರು, 3–4 ಬೇಡಿಕೆ, 5–6 ಭರವಸೆ. ಮೊದಲ ಎರಡು ವಚನಗಳಲ್ಲೇ 'ಇನ್ನೆಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಎರಡು ದೇವರ ಮೇಲೆಯೇ: ಮರೆತದ್ದಕ್ಕೆ, ಮುಖ ಮರೆಮಾಡಿದ್ದಕ್ಕೆ. ಒಂದು ತನ್ನ ಮನಸ್ಸಿನ ತಳಮಳದ ಬಗ್ಗೆ. ಇನ್ನೊಂದು ವೈರಿಯ ಬಗ್ಗೆ.

ನಾನು ಮಾಡುವುದು ಹೀಗೆ. ಕೀರ್ತನೆಯನ್ನು ಒಮ್ಮೆ ಪೂರ್ತಿ ಓದುತ್ತೇನೆ. ಮತ್ತೆ ಮೊದಲಿಗೆ ಬಂದು, 2ನೇ ವಚನದ ಕೊನೆಯಲ್ಲಿ ನಿಲ್ಲಿಸಿ, ನನ್ನದೇ ನಾಲ್ಕು 'ಇನ್ನೆಷ್ಟರವರೆಗೆ' ಬರೆಯುತ್ತೇನೆ. ನಾಲ್ಕೇ ಸಾಲು, ಪ್ರತಿಯೊಂದರಲ್ಲೂ ಒಂದು ಹೆಸರೋ ತಾರೀಕೋ ಸಂಖ್ಯೆಯೋ ಇರಲೇಬೇಕು. 'ಕರ್ತನೇ, ನನ್ನ ಕಷ್ಟ ನೋಡು' ಎಂದು ಬರೆದರೆ ಮನಸ್ಸು ಹಗುರಾಗುವುದಿಲ್ಲ, ಏಕೆಂದರೆ ಮನಸ್ಸಿಗೆ 'ಕಷ್ಟ' ಎಂಬುದು ಮಂಜಿನ ಹಾಗೆ, ಅಂಚಿಲ್ಲ. 'ಸ್ಕ್ಯಾನ್ ರಿಪೋರ್ಟಿಗೆ ಇನ್ನೆಷ್ಟು ದಿನ ಕಾಯಲಿ?', 'ರಾತ್ರಿ ಎರಡಕ್ಕೆ ಎಚ್ಚರವಾಗಿ ಅದೇ ಸಾಲದ ಲೆಕ್ಕವನ್ನು ಇನ್ನೆಷ್ಟು ಸಲ ಹಾಕಲಿ?' ಎಂದು ಬರೆದಾಗ ಅದಕ್ಕೊಂದು ಅಂಚು ಬರುತ್ತದೆ. ಅಂಚಿರುವುದನ್ನು ಎತ್ತಿ ದೇವರ ಮುಂದೆ ಇಡಬಹುದು.

ಬೇಡಿಕೆಯ ಭಾಗದಲ್ಲಿ, ಈ ಕೀರ್ತನೆ ಯಾರ ಹೆಸರಿನಲ್ಲಿದೆಯೋ ಆ ದಾವೀದ ರಾಜ ಕೇಳುವುದು ಮೂರು: ನನ್ನನ್ನು ನೋಡು, ಉತ್ತರ ಕೊಡು, ನನ್ನ ಕಣ್ಣಿಗೆ ಕಳೆ ಕೊಡು. ಮೂರನೆಯದನ್ನು ಗಮನಿಸಿ. ಸೋತ ಮನುಷ್ಯನ ಕಣ್ಣು ಮಂಕಾಗುತ್ತದಲ್ಲ, ಅದು ಮತ್ತೆ ಬೆಳಗಲಿ ಎಂಬ ಬೇಡಿಕೆ ಅದು. ಇಲ್ಲಿ ನನ್ನ ನಿಯಮ ಒಂದೇ: ಒಂದು ಬೇಡಿಕೆಯಾದರೂ ಇವತ್ತು ರಾತ್ರಿ ಮಲಗುವವರೆಗಿನ ಅವಧಿಗೆ ಇರಲಿ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಕೇಳುವುದು ಆ ದಿನದ ರೊಟ್ಟಿಯನ್ನು. 'ಈ ಕಾಯಿಲೆ ಪೂರ್ತಿ ವಾಸಿಮಾಡು' ಎಂದು ಕೇಳಬಾರದು ಅಂತಲ್ಲ, ಕೇಳಿ. ಆದರೆ ಅದರ ಪಕ್ಕದಲ್ಲೇ 'ಇವತ್ತು ಮಧ್ಯಾಹ್ನ ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ ಪ್ರಶ್ನೆ ಮರೆಯದಿರಲಿ' ಎಂಬಂಥದ್ದೂ ಇರಲಿ. ಎರಡನೆಯದಕ್ಕೆ ಸಂಜೆಯೊಳಗೆ ಉತ್ತರ ಸಿಗುತ್ತದೆ, ನಾಳೆ ಪ್ರಾರ್ಥಿಸಲು ಬಾಯಿ ಬರುತ್ತದೆ.

ಇನ್ನು 5ನೇ ವಚನ. ಸ್ವರ ಇಲ್ಲಿ ತಿರುಗುತ್ತದೆ. ನಾಲ್ಕನೆಯದಕ್ಕೂ ಐದನೆಯದಕ್ಕೂ ನಡುವೆ ಪರಿಸ್ಥಿತಿ ಬದಲಾಯಿತೆಂಬ ಸುದ್ದಿ ಎಲ್ಲೂ ಇಲ್ಲ. ವೈರಿ ಇದ್ದಲ್ಲೇ ಇದ್ದಾನೆ, ಆದರೂ 'ನಾನಾದರೋ ನಿನ್ನ ಕೃಪೆಯನ್ನು ನಂಬಿದ್ದೇನೆ' ಎಂಬ ಅರ್ಥದ ಮಾತು ಬರುತ್ತದೆ. ಧೈರ್ಯ ಎಂದರೆ ನಾನು ತಿಳಿದುಕೊಂಡಿರುವುದು ಈ 'ಆದರೂ'ವನ್ನೇ. ಅದನ್ನು ಹೇಳುವಾಗ ಒಳಗೆ ಏನೂ ಅನಿಸದಿದ್ದರೆ ನಟಿಸಬೇಡಿ. 'ಈ ಮಾತು ಇವತ್ತು ನನ್ನದಲ್ಲ, ದಾವೀದನಿಂದ ಸಾಲ ತಂದಿದ್ದೇನೆ' ಎಂದು ದೇವರಿಗೇ ಹೇಳಿ ಓದಿಬಿಡಿ. ಮಗನನ್ನು ಯೇಸುವಿನ ಹತ್ತಿರ ಕರೆತಂದ ತಂದೆ 'ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು' ಎಂದು ಕೂಗಿಕೊಂಡನಲ್ಲ (ಮಾರ್ಕ 9:24), ಅಷ್ಟು ಅರ್ಧಂಬರ್ಧ ಮಾತಿಗೂ ಮಗ ಗುಣವಾದ.

ಒಟ್ಟು ಹದಿನೈದು ನಿಮಿಷ. ದೂರಿಗೆ ಏಳೆಂಟು, ಬೇಡಿಕೆಗೆ ನಾಲ್ಕೈದು, ಉಳಿದದ್ದು ಭರವಸೆಗೆ. ಗಡಿಯಾರ ಇಟ್ಟುಕೊಳ್ಳುವುದು ಯಾಕೆಂದರೆ, ದೂರಿನಲ್ಲೇ ಒಂದು ಗಂಟೆ ಕೂತರೆ ಅದು ಪ್ರಾರ್ಥನೆಯಾಗಿ ಉಳಿಯುವುದಿಲ್ಲ, ಗಾಯ ಕೆರೆದುಕೊಂಡಂತಾಗುತ್ತದೆ. ಗುರುತು ಹಿಡಿಯುವುದು ಸುಲಭ: ವಾಕ್ಯಗಳಲ್ಲಿ 'ನೀನು' ಕಾಣೆಯಾಗಿ ಬರೀ 'ಅವನು ಹೀಗೆ ಮಾಡಿದ, ಅವಳು ಹಾಗಂದಳು' ಶುರುವಾಗಿದ್ದರೆ ದೇವರ ಜೊತೆಗಿನ ಮಾತು ನಿಂತಿದೆ ಎಂದರ್ಥ. ದೇವರಿಗೆ ದೂರುವುದಕ್ಕೂ ದೇವರನ್ನು ಬೆನ್ನ ಹಿಂದೆ ದೂರುವುದಕ್ಕೂ ವ್ಯತ್ಯಾಸ ಇಲ್ಲೇ ಇರುವುದು. ಇಸ್ರಾಯೇಲ್ಯರು ಗುಣುಗುಟ್ಟಿದ್ದು ತಮ್ಮ ಡೇರೆಗಳೊಳಗೆ (ಧರ್ಮೋಪದೇಶಕಾಂಡ 1:27). ಕೀರ್ತನೆಗಾರ ಅದೇ ಸಿಟ್ಟನ್ನು ನೇರವಾಗಿ ದೇವರ ಮುಖಕ್ಕೇ ಹೇಳುತ್ತಾನೆ.

ಹದಿಮೂರನೆಯದು ಕೈಗೆ ಹತ್ತಿದ ಮೇಲೆ, ಅಂದರೆ ವಾರ ಹತ್ತು ದಿನ ಆದ ಮೇಲೆ, 77ಕ್ಕೆ ಹೋಗಬಹುದು. ಇದರ ಮೊದಲರ್ಧದಲ್ಲಿ 'ನಾನು, ನನ್ನ, ನನಗೆ' ತುಂಬಿದೆ, ನಿದ್ದೆ ಬಾರದ ರಾತ್ರಿಯ ಮಾತು. 11ನೇ ವಚನದಿಂದ ಕವಿ ನೆನಪಿಸಿಕೊಳ್ಳಲು ತೊಡಗುತ್ತಾನೆ, 'ನಾನು' ಕರಗಿ 'ನೀನು' ಬರುತ್ತದೆ. ಪೆನ್ಸಿಲ್ ಹಿಡಿದು 'ನಾನು'ಗಳಿಗೆ ಒಂದು ಗುರುತು, 'ನೀನು'ಗಳಿಗೆ ಇನ್ನೊಂದು ಗುರುತು ಹಾಕಿ ನೋಡಿ, ತಿರುವು ಕಣ್ಣಿಗೇ ಕಾಣುತ್ತದೆ. ಆಮೇಲೆ ಹಿಂದೆ ದೇವರು ದಾಟಿಸಿದ ಐದು ಸಂದರ್ಭಗಳನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಪವಾಡವೇ ಆಗಬೇಕಿಲ್ಲ. ಅದೇ ಕೀರ್ತನೆಯ 19ನೇ ವಚನ ಹೇಳುವಂತೆ ಸಮುದ್ರದಲ್ಲಿ ದಾರಿ ಆಯಿತು, ಆದರೆ ದೇವರ ಹೆಜ್ಜೆಗುರುತು ಯಾರಿಗೂ ಕಾಣಲಿಲ್ಲ. ನಮ್ಮ ಪಟ್ಟಿಯಲ್ಲೂ ಹೆಚ್ಚಿನವು ಹಾಗೇ ಇರುತ್ತವೆ, ಆಗ ಅನಿಸಿರುವುದಿಲ್ಲ, ಹಿಂತಿರುಗಿ ನೋಡಿದರೆ ದಾಟಿರುತ್ತೇವೆ.

ಇಷ್ಟೆಲ್ಲ ಮಾಡಿಯೂ ಏನೂ ಆಗದ ದಿನಗಳಿರುತ್ತವೆ. ಆಗ ನಾನು ಮೊದಲು ಕೇಳಿಕೊಳ್ಳುವುದು: ಊಟ ಆಗಿದೆಯಾ? ನಿದ್ದೆ ಎಷ್ಟು ಗಂಟೆ? ಇದು ಲೌಕಿಕದ ಪ್ರಶ್ನೆ ಅನಿಸಬಹುದು. 1 ಅರಸುಗಳು 19 ತೆಗೆದು ನೋಡಿ. ಜೀವ ಸಾಕಾಗಿ, ಸಾಯಬೇಕೆಂದು ಬೇಡಿಕೊಂಡು ಗಿಡದ ಕೆಳಗೆ ಮಲಗಿದ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟದ್ದು ಉಪದೇಶವಲ್ಲ, ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಿಸಿದ್ದೇ. ದೇವರು ಮಾತಿಗೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದ ಮೇಲೆ. ಅಲ್ಲೂ 'ಇಲ್ಲೇನು ಮಾಡುತ್ತೀ?' ಎಂದು ಎರಡು ಸಲ ಕೇಳಿದಾಗ ಎಲೀಯ ಎರಡು ಸಲವೂ ಅದೇ ದೂರನ್ನು ಒಪ್ಪಿಸಿದ. ದೇವರು ಗದರಲಿಲ್ಲ. ಮಾಡಲು ಕೆಲಸ ಕೊಟ್ಟ, 'ನಾನೊಬ್ಬನೇ ಉಳಿದಿದ್ದೇನೆ' ಎಂದವನಿಗೆ 7,000 ಮಂದಿ ಇದ್ದಾರೆಂದು ಲೆಕ್ಕ ತಿದ್ದಿದ. ಊಟ, ನಿದ್ದೆ, ಮಾತು, ಕೆಲಸ, ಜನ, ಇದೇ ಕ್ರಮ. ಹೊಟ್ಟೆಗಿಲ್ಲದೆ, ನಿದ್ದೆಯಿಲ್ಲದೆ ಮೂರನೇ ದಿನ ಉಪವಾಸ ಪ್ರಾರ್ಥನೆಗೆ ಕೂರುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಎರಡು ವಾರವಾದರೂ ನಿದ್ದೆ ಹತ್ತದಿದ್ದರೆ, ಯಾವ ಕೆಲಸಕ್ಕೂ ಕೈ ಏಳದಿದ್ದರೆ ವೈದ್ಯರ ಹತ್ತಿರ ಹೋಗಿ. ಬದುಕು ಸಾಕು ಎಂಬ ಯೋಚನೆ ಬಂದರೆ ಎರಡು ವಾರ ಅಲ್ಲ, ಎರಡು ಗಂಟೆಯೂ ಕಾಯಬೇಡಿ, ಒಬ್ಬರೇ ಇರಬೇಡಿ, ಆ ಕ್ಷಣವೇ ಯಾರಿಗಾದರೂ ಹೇಳಿ. 'ಪ್ರಾರ್ಥನೆ ಮಾಡು, ಮಾತ್ರೆ ಯಾಕೆ' ಎನ್ನುವವರಿಗೆ ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯನಾಗಿದ್ದ ಎಂದಷ್ಟೇ ಹೇಳಿ ಮುಂದೆ ನಡೆಯಿರಿ (ಕೊಲೊಸ್ಸೆ 4:14).

ಇನ್ನು ವಾಗ್ದಾನಗಳ ವಿಷಯ. ಅವು ಬೇಡವೆಂದಲ್ಲ, ತುಂಡರಿಸಿ ತಂದರೆ ಕೈಕೊಡುತ್ತವೆ. ಯಾವ ವಚನ ಹಿಡಿದರೂ ಅದರ ಹಿಂದಿನ ಹತ್ತು, ಮುಂದಿನ ಹತ್ತು ವಚನ ಓದುವುದು ನನ್ನ ಕಟ್ಟುನಿಟ್ಟು. ಯೆರೆಮೀಯ 29:11 ಗೋಡೆಗೋಡೆಯ ಮೇಲಿದೆ: ನಿಮಗೆ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವ ಯೋಚನೆ ನನ್ನದು ಎಂದು. ಅದರ ಹಿಂದಿನದೇ ವಚನ 'ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ' ಎನ್ನುತ್ತದೆ. ಐದನೇ ವಚನ ಬಾಬೆಲಿಗೆ ಸೆರೆಯಾಗಿ ಒಯ್ಯಲ್ಪಟ್ಟ ಯೆಹೂದ್ಯರಿಗೆ ಮನೆ ಕಟ್ಟಿ, ತೋಟ ಮಾಡಿ ಎನ್ನುತ್ತದೆ. ಅಂದರೆ ನಾಳೆಯೇ ಬಿಡುಗಡೆ ಎಂದು ಆ ವಚನ ಹಿಡಿದು ಕೂತವರು ಒಂದು ತಿಂಗಳಲ್ಲಿ ಸೋಲುತ್ತಾರೆ. ದೀರ್ಘ ಕಾಯಿಲೆಯಲ್ಲಿ ಇರುವವರಿಗೆ ನಿಜವಾಗಿ ಒದಗುವುದು ಐದನೇ ವಚನ: ಇದು ಬೇಗ ಮುಗಿಯದು, ಹಾಗಾದರೆ ಇಲ್ಲಿ ನಾನು ಮಾಡುವ ತೋಟ ಯಾವುದು?

ಫಿಲಿಪ್ಪಿ 4:13 ಕೂಡ ಹೀಗೇ. 'ಎಲ್ಲಕ್ಕೂ ಶಕ್ತನಾಗಿದ್ದೇನೆ' ಎಂಬುದು ಪರೀಕ್ಷೆ ಗೆಲ್ಲುವ, ವ್ಯಾಪಾರ ಗೆಲ್ಲುವ ಮಾತಲ್ಲ. ಸೆರೆಯಲ್ಲಿದ್ದ ಪೌಲ, ಹಸಿದಿರುವುದನ್ನೂ ಕೊರತೆಯನ್ನೂ ತಾಳುವ ಗುಟ್ಟು ಕಲಿತೆ ಎಂದು ಹಿಂದಿನ ವಚನದಲ್ಲಿ ಹೇಳಿ ಇದನ್ನು ಬರೆದದ್ದು. ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ಮಾತ್ರ 'ತಾಳಲಾರದ್ದನ್ನು ದೇವರು ಕೊಡುವುದಿಲ್ಲ' ಎಂಬ ಸಮಾಧಾನ. 1 ಕೊರಿಂಥ 10:13ರಿಂದ ಬಂದದ್ದು ಅದು, ಆದರೆ ಅಲ್ಲಿನ ಸಂದರ್ಭ ವಿಗ್ರಹಾರಾಧನೆಗೂ ಪಾಪಕ್ಕೂ ಎಳೆಯುವ ಶೋಧನೆಯದು, ಅಂದರೆ ಪ್ರಲೋಭನೆಯದು. ಕಷ್ಟದ ಭಾರದ ಬಗ್ಗೆ ಅದೇ ಪೌಲ 2 ಕೊರಿಂಥ 1:8ರಲ್ಲಿ ಬರೆಯುವುದೇ ಬೇರೆ: ಶಕ್ತಿ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು. ತಾಳಲಾಗುತ್ತಿಲ್ಲ ಎಂದು ಒಪ್ಪಿಕೊಳ್ಳುವುದು ಅಪೊಸ್ತಲನಿಗೆ ಅವಮಾನ ಅನಿಸಲಿಲ್ಲ.

ರಾತ್ರಿಗೆ ಬೇರೆ ತಯಾರಿ ಬೇಕು. ನಡುರಾತ್ರಿ ಎದ್ದು ವಚನ ಹುಡುಕಲು ಆಗುವುದಿಲ್ಲ, ಫೋನ್ ತೆಗೆದರೆ ಹತ್ತು ನಿಮಿಷದಲ್ಲಿ ಎಲ್ಲೋ ಇರುತ್ತೀರಿ. ಹಗಲಿನಲ್ಲೇ ಒಂದು ಸಾಲು ಆರಿಸಿ, ಚೀಟಿಯಲ್ಲಿ ಬರೆದು, ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ. ಉಸಿರಿಗೆ ಹೊಂದುವಷ್ಟು ಚಿಕ್ಕದಿರಬೇಕು, ಎರಡು ತುಂಡಾಗಬೇಕು. ಕೀರ್ತನೆ 56:3ರ ಅರ್ಥ ಹಿಡಿದು ನಾನು ಮಾಡಿಕೊಂಡದ್ದು: ಉಸಿರು ಒಳಗೆ ಎಳೆಯುತ್ತಾ 'ಹೆದರಿಕೆಯಾದಾಗ', ಬಿಡುತ್ತಾ 'ನಿನ್ನನ್ನೇ ನಂಬುವೆನು'. ಬಿಡುವ ಉಸಿರು ಎಳೆಯುವುದಕ್ಕಿಂತ ಉದ್ದವಿರಲಿ, ಎದೆಬಡಿತ ತಗ್ಗಲು ಅದು ನೆರವಾಗುತ್ತದೆ. ಹದಿನೈದು ಇಪ್ಪತ್ತು ಸಲ. ಭಯ ಹೋಗಬೇಕೆಂಬ ಷರತ್ತು ಹಾಕಬೇಡಿ, ವಚನವೇ 'ಹೆದರಿಕೆಯಾದಾಗ' ಎಂದು ಶುರುವಾಗುತ್ತದೆ. 23ನೇ ಕೀರ್ತನೆಯನ್ನು ಬಾಯಿಪಾಠ ಬಲ್ಲವರು ನಾಲ್ಕನೇ ವಚನದಲ್ಲಿ ಒಂದು ಕ್ಷಣ ನಿಲ್ಲಿ. ಹಸುರು ಹುಲ್ಲಿನ ಹತ್ತಿರ ದೇವರನ್ನು 'ಆತನು' ಎಂದ ಕವಿ, ಕಾರ್ಗತ್ತಲಿನ ಕಣಿವೆಗೆ ಇಳಿದೊಡನೆ 'ನೀನು' ಎನ್ನುತ್ತಾನೆ.

ಒಬ್ಬರೇ ಇದನ್ನೆಲ್ಲ ಎಳೆಯಲು ಹೋಗಬೇಡಿ. ಸೆರೆಯಾದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಕೂಡ ಮೂವರು ಶಿಷ್ಯರನ್ನು 'ಇಲ್ಲೇ ಇದ್ದು ಎಚ್ಚರವಾಗಿರಿ' ಎಂದು ಕೇಳಿಕೊಂಡರು. ಅವರು ಮಲಗಿಬಿಟ್ಟರು ಅನ್ನುವುದು ಬೇರೆ ಮಾತು, ಅಂಥವರೂ ಸಿಗುತ್ತಾರೆ. ಇಬ್ಬರು ಸಾಕು. 'ನನಗಾಗಿ ಪ್ರಾರ್ಥಿಸಿ' ಎಂದರೆ ಎಲ್ಲರೂ 'ಆಗಲಿ' ಎಂದು ಮರೆಯುತ್ತಾರೆ. 'ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಆಪರೇಷನ್, ಆ ಹೊತ್ತಿಗೆ ಐದು ನಿಮಿಷ, ಸಂಜೆ ಒಂದು ಫೋನ್' ಎಂದು ಕೇಳಿ. ಉಪದೇಶ ಬೇಡ ಎನ್ನುವುದಾದರೆ ಅದನ್ನೂ ಮೊದಲೇ ಹೇಳಿಬಿಡಿ. ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಕೂತಿದ್ದಾಗ ಸರಿಯಾಗಿಯೇ ಇದ್ದರು, ಕೆಟ್ಟದ್ದು ಬಾಯಿ ತೆರೆದ ಮೇಲೆ. ಇನ್ನು ಅಪೊಸ್ತಲರ ಕೃತ್ಯಗಳು 28:15. ಹಡಗು ಒಡೆದು ಪಾರಾಗಿ, ಕೈದಿಯಾಗಿ ರೋಮಾಪುರದತ್ತ ಬರುತ್ತಿದ್ದ ಪೌಲನನ್ನು ಎದುರುಗೊಳ್ಳಲು ಅಲ್ಲಿನ ವಿಶ್ವಾಸಿ ಸಹೋದರರು ದಾರಿಯಲ್ಲಿದ್ದ ಅಪ್ಪಿಯ ಪೇಟೆಯವರೆಗೂ ತ್ರಿಛತ್ರ ಎಂಬ ಸ್ಥಳದವರೆಗೂ ಬಂದರು. ಅವರನ್ನು ನೋಡಿದ ಮೇಲೆ ಅವನು ದೇವರನ್ನು ಸ್ತುತಿಸಿ ಧೈರ್ಯಗೊಂಡ. ಆ ಹಡಗಿನಲ್ಲಿ ದೇವದೂತನನ್ನೇ ಕಂಡಿದ್ದ ಮನುಷ್ಯನಿಗೂ ನಾಲ್ಕು ಮುಖ ಬೇಕಾಯಿತು. ಸಭೆಯಲ್ಲಿ ಹಾಡಲು ಗಂಟಲು ಬರದ ಭಾನುವಾರಗಳಲ್ಲೂ ಹೋಗಿ ಕೂರುವುದು ಇದಕ್ಕಾಗಿಯೇ, ಹಾಡನ್ನು ಅವರು ನೋಡಿಕೊಳ್ಳುತ್ತಾರೆ.

ಕೊನೆಗೆ 88ನೇ ಕೀರ್ತನೆ. ಇದನ್ನು ಬೇಕೆಂದೇ ಹಿಂದೆ ಇಟ್ಟಿದ್ದೆ. ಹದಿನೆಂಟು ವಚನ, ತಿರುವೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಯಾವ 'ಆದರೂ'ವೂ ಬಾಯಿಗೆ ಬಾರದ ದಿನಕ್ಕೆ ಇದು. ಓದಿ ಮುಗಿಸಿ ತಕ್ಷಣ 89ಕ್ಕೆ ಹಾರಬೇಡಿ, ಹಿತವಾದ ಇನ್ನೊಂದು ವಚನ ತಂದು ಅಂಟಿಸಬೇಡಿ. ಪುಸ್ತಕ ಮುಚ್ಚಿ ಮಲಗಿ. ಎದ್ದ ಮೇಲೆ ಅದೇ 88ರ 13ನೇ ವಚನವೊಂದನ್ನು ತೆಗೆಯಿರಿ: ಅಷ್ಟು ಕತ್ತಲಲ್ಲಿದ್ದ ಮನುಷ್ಯ 'ಬೆಳಿಗ್ಗೆ ನನ್ನ ಪ್ರಾರ್ಥನೆ ನಿನ್ನ ಮುಂದೆ ಬರುವುದು' ಎಂದು ಹೊತ್ತು ಗೊತ್ತು ಮಾಡಿಟ್ಟಿರುವುದು ಅಲ್ಲಿ.