ಗೂಗಲ್‌ಗೆ ಬಾಗಿಲು ಹಾಕಿ ಗಿರಾಕಿಗೆ ಕಾದ ಕಥೆ

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರು ಬಿಟ್ಟು ಸಾಗರದ ಮನೆಗೆ ಬಂದಾಗ ನಮ್ಮಲ್ಲಿ ಮೂರು ದೊಡ್ಡ ಭರಣಿ ಅಪ್ಪೆಮಿಡಿ (ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ) ಇತ್ತು. ಅಮ್ಮ ಪ್ರತಿ ವರ್ಷ ಉಪ್ಪಿನಕಾಯಿ ಹಾಕಿ ನೆಂಟರಿಗೆ, ಪರಿಚಯದವರಿಗೆ ಕೊಡುತ್ತಿದ್ದಳು. ಸ್ವಲ್ಪ ಮಾರಾಟವೂ ಇತ್ತು. ಆ ವರ್ಷ ಮನೆಗೆ ಬರುವವರೇ ಇಲ್ಲ. ಆನ್‌ಲೈನಲ್ಲಿ ಮಾರೋಣ ಅಂತ ನಾನೇ ಹೇಳಿದೆ. ಪರಿಚಯದ ಹುಡುಗನೊಬ್ಬ ವರ್ಡ್‌ಪ್ರೆಸ್ ಅನ್ನೋ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿ ಒಂದು ಸೈಟ್ ಮಾಡಿಕೊಟ್ಟ. ಎಸ್‌ಇಒಗೆ, ಅಂದರೆ ಗೂಗಲ್‌ನಲ್ಲಿ ಹುಡುಕಿದಾಗ ಸೈಟ್ ಮೇಲೆ ಕಾಣುವ ಹಾಗೆ ಮಾಡುವ ಕೆಲಸಕ್ಕೆ, ಬೇರೆ ದುಡ್ಡು ಕೇಳಿದ. ಅದೇನು ಮಹಾ, ನಾನೇ ಕಲಿತು ಮಾಡ್ತೀನಿ ಬಿಡು ಅಂದೆ.

ಜೂನ್‌ನಲ್ಲಿ ಸೈಟ್ ಶುರುವಾಯ್ತು. ನವೆಂಬರ್‌ವರೆಗೆ ಗೂಗಲ್‌ನಿಂದ ಒಬ್ಬನೇ ಒಬ್ಬ ಬರಲಿಲ್ಲ. ಕಡಿಮೆ ಬಂದರು ಅಂತಲ್ಲ, ಸೊನ್ನೆ. ನಾನು ಮಾತ್ರ ದಿನಾ ರಾತ್ರಿ ಯೂಟ್ಯೂಬ್‌ನಲ್ಲಿ ಎಸ್‌ಇಒ ಪಾಠ ಕೇಳುತ್ತಾ, ಕೀವರ್ಡ್, ಅಂದರೆ ಜನ ಹುಡುಕುವ ಪದ, ಹಾಕುತ್ತಾ, ತೆಗೆಯುತ್ತಾ, ಮತ್ತೆ ಹಾಕುತ್ತಾ ಕೂತಿದ್ದೆ. ಪಕ್ಕದಲ್ಲಿ ಅಮ್ಮ ಫೋನಿನಲ್ಲಿ ಹಳೇ ಗಿರಾಕಿಗಳ ಜೊತೆ ಜೋರಾಗಿ ಮಾತಾಡುತ್ತಿದ್ದಳು. ಮಿಡಿ ಮೆತ್ತಗಾಗಿದೆಯಂತೆ, ಮೇಲೆ ಬಿಳಿ ಬಂದಿದೆಯಂತೆ, ಎಣ್ಣೆ ಯಾಕೆ ಹಾಕಿಲ್ಲ ಅಂತೆ. ಸ್ವಲ್ಪ ಮೆಲ್ಲಗೆ ಮಾತಾಡಮ್ಮ, ನಾನಿಲ್ಲಿ ಕೆಲಸ ಮಾಡ್ತಿದೀನಿ ಅಂತ ಎಷ್ಟು ಸಲ ರೇಗಿದ್ದೆನೋ ಲೆಕ್ಕ ಇಲ್ಲ.

ಮೊದಲ ತಪ್ಪು ಒಂದು ಟಿಕ್ ಮಾರ್ಕ್. ವರ್ಡ್‌ಪ್ರೆಸ್ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇದೆ. ಅದರ ಕೆಳಗಡೆ, ಸರ್ಚ್ ಎಂಜಿನ್‌ಗಳು ಈ ಸೈಟನ್ನು ಇಂಡೆಕ್ಸ್ ಮಾಡುವುದು (ತಮ್ಮ ಪಟ್ಟಿಗೆ ಸೇರಿಸುವುದು) ಬೇಡ ಅನ್ನೋ ಅರ್ಥದ ಒಂದು ಚೌಕ. ಸೈಟ್ ಕಟ್ಟುವಾಗ ಅರ್ಧಂಬರ್ಧ ಪುಟಗಳು ಹೊರಗೆ ಕಾಣಬಾರದು ಅಂತ ಆ ಹುಡುಗ ಟಿಕ್ ಹಾಕಿದ್ದ, ತೆಗೆಯೋಕೆ ಮರೆತಿದ್ದ. ನಾನು ಆ ಪುಟವನ್ನು ತೆರೆದೇ ನೋಡಿರಲಿಲ್ಲ. ಅಂದರೆ ಐದು ತಿಂಗಳು ಗೂಗಲ್‌ಗೆ ಬರಬೇಡ ಅಂತ ನಾನೇ ಹೇಳಿ, ಯಾಕೆ ಬರಲಿಲ್ಲ ಅಂತ ನಾನೇ ತಲೆ ಕೆಡಿಸಿಕೊಂಡಿದ್ದೆ.

ಗೊತ್ತಾಗಿದ್ದು ಹೇಗೆ ಅಂದರೆ, ಗೂಗಲ್‌ನಲ್ಲಿ ಇಂಗ್ಲಿಷ್‌ನಲ್ಲಿ ಸೈಟ್ ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಮ್ಮ ವಿಳಾಸ ಟೈಪ್ ಮಾಡಿದೆ. ಒಂದು ಪುಟವೂ ಬರಲಿಲ್ಲ. ಇದನ್ನು ಮೊದಲ ವಾರವೇ ಮಾಡಬಹುದಿತ್ತು, ಹತ್ತು ಸೆಕೆಂಡಿನ ಕೆಲಸ. ಆದರೆ ನನ್ನ ಫೋನಿನಲ್ಲಿ ಎರಡಕ್ಷರ ಹೊಡೆದರೆ ಸಾಕು, ನಮ್ಮ ಸೈಟೇ ಬರುತ್ತಿತ್ತಲ್ಲ! ಅದು ಬ್ರೌಸರ್ ನೆನಪಿಟ್ಟುಕೊಂಡ ವಿಳಾಸ, ಗೂಗಲ್ ತೋರಿಸಿದ್ದಲ್ಲ ಅನ್ನೋದು ಆಗ ಹೊಳೆದಿರಲಿಲ್ಲ.

ಟಿಕ್ ತೆಗೆದೆ, ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿದೆ. ಪುಟವನ್ನು ಬೇಗ ನೋಡು ಅಂತ ಗೂಗಲ್‌ಗೆ ಕೇಳುವ ಬಟನ್ ಅದರಲ್ಲಿ ಇರುತ್ತದೆ. ನನ್ನ ಅದೃಷ್ಟ ನೋಡಿ, 2020ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಗೂಗಲ್ ಆ ಬಟನ್ನನ್ನೇ ನಿಲ್ಲಿಸಿತ್ತು. ಸೈಟ್‌ಮ್ಯಾಪ್, ಅಂದರೆ ನಮ್ಮ ಪುಟಗಳ ಪಟ್ಟಿ, ಕೊಟ್ಟು ಕಾದೆ.

ಅಷ್ಟರಲ್ಲಿ ಜಾಣತನ ಹೆಚ್ಚಾಗಿ ಇನ್ನೊಂದು ಮಾಡಿದೆ. ಹಳೇ ಟೆಸ್ಟ್ ಪುಟಗಳು ಗೂಗಲ್‌ನಲ್ಲಿ ಕಾಣಿಸತೊಡಗಿದವು. ಅವನ್ನು ತೆಗೆಸೋಕೆ ಪುಟದೊಳಗೆ ನೋಇಂಡೆಕ್ಸ್, ಅಂದರೆ ಪಟ್ಟಿಗೆ ಸೇರಿಸಬೇಡ ಅನ್ನೋ ಸೂಚನೆ, ಹಾಕಿದೆ, ಜೊತೆಗೆ ಭದ್ರವಾಗಿರಲಿ ಅಂತ, ಗೂಗಲ್ ಯಾವ ಪುಟಕ್ಕೆ ಹೋಗಬಾರದು ಅಂತ ಹೇಳುವ ರೋಬೋಟ್ಸ್ ಫೈಲಿನಲ್ಲೂ ತಡೆದೆ. ಅವು ಹೋಗಲೇ ಇಲ್ಲ! ವಿವರ ಇಲ್ಲದೆ ಬರೀ ವಿಳಾಸವಾಗಿ ತಿಂಗಳುಗಟ್ಟಲೆ ಉಳಿದವು. ಯೋಚಿಸಿದರೆ ಸರಳ. ರೋಬೋಟ್ಸ್ ಫೈಲ್ ಅಂದರೆ ಗೇಟಿನ ಬೀಗ. ನೋಇಂಡೆಕ್ಸ್ ಅಂದರೆ ಒಳಗಿನ ಗೋಡೆಗೆ ಅಂಟಿಸಿದ ಚೀಟಿ. ಗೇಟಿಗೆ ಬೀಗ ಹಾಕಿದ ಮೇಲೆ ಚೀಟಿ ಓದೋರು ಯಾರು? ಬೀಗ ತೆಗೆದ ಮೇಲೆ ಪುಟಗಳು ತಾವಾಗೇ ಹೋದವು.

ಇನ್ನು ಕೀವರ್ಡ್ ಹುಚ್ಚಿನ ಕಥೆ. ಯಾವುದೋ ವಿಡಿಯೋದಲ್ಲಿ ಪುಟದ ಕೋಡಿನೊಳಗೆ ಅಡಗಿರುವ ಮೆಟಾ ಕೀವರ್ಡ್ ಟ್ಯಾಗ್ ತುಂಬಬೇಕು ಅಂದಿದ್ದರು. ತುಂಬಿದೆ, ಉಪ್ಪಿನಕಾಯಿ ಅನ್ನೋದಕ್ಕೆ ಇರುವ ಎಲ್ಲ ಪದ, ಪಕ್ಕದ ಊರುಗಳ ಹೆಸರು, ಎಲ್ಲ ಸೇರಿಸಿ ನೂರಕ್ಕೂ ಜಾಸ್ತಿ. ರ‍್ಯಾಂಕಿಂಗ್‌ಗೆ ಆ ಟ್ಯಾಗನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ನಾನು ಅದಕ್ಕೆ ಒಂದು ಭಾನುವಾರ ಪೂರ್ತಿ ಕೊಟ್ಟೆ. ಅದೇ ಹೊತ್ತಿಗೆ ನಮ್ಮ ಮುಖಪುಟದ ಟೈಟಲ್ ಏನಿತ್ತು ಗೊತ್ತಾ? 'ಹೋಮ್'. ಅಷ್ಟೇ. ಯಾರೂ ನೋಡದ ಕಡೆ ನೂರು ಪದ, ಎಲ್ಲರೂ ನೋಡುವ ಕಡೆ ಒಂದು.

ಆಮೇಲೆ ಸಿಕ್ಕಿದ್ದು ಹಸಿರು ದೀಪದ ಪ್ಲಗಿನ್, ಅಂದರೆ ವರ್ಡ್‌ಪ್ರೆಸ್‌ಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್. ಒಂದು ಕೀವರ್ಡ್ ಕೊಟ್ಟರೆ ಅದು ನಿಮ್ಮ ಬರಹ ಪರೀಕ್ಷೆ ಮಾಡಿ ಕೆಂಪು, ಕಿತ್ತಳೆ, ಹಸಿರು ಅಂತ ದೀಪ ತೋರಿಸುತ್ತದೆ. ನಾನು ಕೊಟ್ಟದ್ದು 'ಮಿಡಿ ಉಪ್ಪಿನಕಾಯಿ'. ಲೇಖನದ ತುಂಬ ಅದೇ ಇದ್ದರೂ ಕೀವರ್ಡ್ ಸಾಲದು ಅಂತ ಕೆಂಪು ದೀಪ. ಯಾಕೆ ಅಂದರೆ ಕನ್ನಡದಲ್ಲಿ ನಾವು ಪದವನ್ನು ಬರೀ ಇಡುವುದಿಲ್ಲ, ಅಲ್ವಾ? ಉಪ್ಪಿನಕಾಯಿಗೆ, ಉಪ್ಪಿನಕಾಯಿಯಲ್ಲಿ, ಉಪ್ಪಿನಕಾಯಿಯನ್ನು, ಉಪ್ಪಿನಕಾಯಿಯೂ ಅಂತ ಬಾಲ ಅಂಟಿಸಿಯೇ ಬರೆಯುತ್ತೇವೆ. ಆ ಪ್ಲಗಿನ್‌ಗೆ ಇವೆಲ್ಲ ಬೇರೆ ಬೇರೆ ಪದ. ದೀಪ ಹಸಿರಾಗಬೇಕು ಅಂತ ನಾನು ಬಾಲ ಕತ್ತರಿಸಿದೆ. 'ಮಿಡಿ ಉಪ್ಪಿನಕಾಯಿ ಮಾಡಲು ಮಿಡಿ ಉಪ್ಪಿನಕಾಯಿ ಮಸಾಲೆ ರುಬ್ಬಿ, ಮಿಡಿ ಉಪ್ಪಿನಕಾಯಿ ಭರಣಿ ತೊಳೆಯಿರಿ' ಅಂತ. ದೀಪ ಹಸಿರಾಯ್ತು. ಹೆಮ್ಮೆಯಿಂದ ಅಮ್ಮನಿಗೆ ಓದೋಕೆ ಕೊಟ್ಟೆ. ಎರಡು ಸಾಲು ಓದಿ ಕನ್ನಡಕ ತೆಗೆದಳು. "ಎಂತ ಇದು? ತಲೆ ಸರಿ ಇದ್ಯಾ ನಿಂಗೆ?"

ಬಾಲ ಇದ್ದರೂ ಗೂಗಲ್ ಸಾಮಾನ್ಯವಾಗಿ ಪದ ಗುರುತು ಹಿಡಿಯುತ್ತದೆ. ಕೀವರ್ಡ್ ಇಂತಿಷ್ಟು ಸಲ ಬರಬೇಕು ಅನ್ನೋ ಲೆಕ್ಕ ಅದರ ನಿಯಮಗಳಲ್ಲಿ ಎಲ್ಲೂ ಇಲ್ಲ. ಆ ದೀಪ ಪ್ಲಗಿನ್ ಮಾಡಿದವರದು, ಗೂಗಲ್‌ನದಲ್ಲ. ಸೈಟಿನ ತೂಕ ಇಷ್ಟು ಅಂತ ಡೊಮೈನ್ ಅಥಾರಿಟಿ ಅನ್ನೋ ಒಂದು ಅಂಕಿ ತೋರಿಸಿ ಹೆದರಿಸುತ್ತಾರಲ್ಲ, ಅದೂ ಅಷ್ಟೇ. ಅದು ಮೋಜ್ ಅನ್ನೋ ಕಂಪನಿ ಮಾಡಿಕೊಂಡ ಲೆಕ್ಕ.

ಕನ್ನಡದವರಿಗೇ ಮೀಸಲಾದ ತಪ್ಪೊಂದಿದೆ, ಅದನ್ನೂ ಬಿಡಲಿಲ್ಲ. ಅಮ್ಮನ ಅಡುಗೆ ವಿಧಾನಗಳನ್ನು ಬಹಳ ಹಿಂದೆ ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದೆವು. ಹಳೇ ನುಡಿ ಫಾಂಟ್, ಎಲ್ಲ ಫೋನು, ಕಂಪ್ಯೂಟರ್‌ಗಳೂ ಓದುವ ಯೂನಿಕೋಡ್ ಅಲ್ಲ. ಹಾಗೇ ತಂದು ಸೈಟಿಗೆ ಅಂಟಿಸಿದೆ. ಆ ಫಾಂಟ್ ಇದ್ದ ನನ್ನ ಲ್ಯಾಪ್‌ಟಾಪ್‌ನಲ್ಲಿ ಚಂದ ಕನ್ನಡ. ತಂಗಿಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ ಗೀಟು, ಪೌಂಡಿನ ಗುರುತು ಎಲ್ಲ ಕಲಸಿದ ಮೇಲೋಗರ. ಹಳೇ ಫಾಂಟಿನಲ್ಲಿ ಒಳಗಿರುವುದು ಅದೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೇ. ಗೂಗಲ್‌ಗೂ ಕಾಣುವುದು ಆ ಮೇಲೋಗರವೇ. ಇದಕ್ಕೆ ನಾನು ಕಂಡುಕೊಂಡ ಪರಿಹಾರ ಇನ್ನೂ ಘನವಾದದ್ದು. ಸ್ಕ್ರೀನ್‌ಶಾಟ್ ತೆಗೆದು ಫೋಟೋ ಮಾಡಿ ಹಾಕಿದೆ. ಈಗ ಪುಟದಲ್ಲಿ ಓದೋಕೆ ಒಂದು ಪದವೂ ಇಲ್ಲ, ಜೊತೆಗೆ ಒಂದೊಂದು ಫೋಟೋ ನಾಲ್ಕೈದು ಎಂಬಿ. ನಮ್ಮ ಊರಿನ ನೆಟ್‌ವರ್ಕ್‌ನಲ್ಲಿ ಅದು ತೆರೆದುಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯಬಹುದು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅನ್ನೋದು ಗೂಗಲ್‌ನ ಅಳತೆ. ಕೊನೆಗೆ ಕನ್ವರ್ಟರ್‌ನಲ್ಲಿ ಯೂನಿಕೋಡ್‌ಗೆ ಬದಲಿಸಿ, ಕೆಟ್ಟುಹೋದ ಒತ್ತಕ್ಷರಗಳನ್ನು ಒಂದೊಂದಾಗಿ ಕೈಯಲ್ಲಿ ತಿದ್ದಿದೆ. ಒಂದು ವಾರ ಹಿಡಿಯಿತು.

ಅದಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಜನ ಏನು ಹುಡುಕಿ ಬರುತ್ತಾರೆ ಅಂತ ಕಾಣತೊಡಗಿತು. ನೋಡಿದರೆ ಅರ್ಧಕ್ಕಿಂತ ಜಾಸ್ತಿ ಮಂದಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದರು. ಉಪ್ಪಿನಕಾಯಿಗೆ ಒಬ್ಬರು ಒಂದು ಪಿ ಹಾಕಿದರೆ ಇನ್ನೊಬ್ಬರು ಎರಡು. ಕೊನೆಗೆ ಐ ಹಾಕೋರು, ವೈ ಹಾಕೋರು. ಅಪ್ಪೆಮಿಡಿಯನ್ನು ಸೇರಿಸಿ ಬರೆಯೋರು, ಬಿಡಿಸಿ ಬರೆಯೋರು. ಸರಿ, ಒಂದೊಂದು ಸ್ಪೆಲಿಂಗ್‌ಗೆ ಒಂದೊಂದು ಪುಟ ಮಾಡಿಬಿಟ್ಟೆ! ಆರು ಪುಟ, ಒಳಗೆಲ್ಲ ಒಂದೇ ವಿಷಯ. ಗೂಗಲ್ ಅವುಗಳಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಡುಪ್ಲಿಕೇಟ್ ಅಂತ ಬದಿಗೆ ಸರಿಸಿತು. ಇಟ್ಟುಕೊಂಡದ್ದು ನನಗೆ ಬೇಕಾದ ಪುಟವಲ್ಲ, ಫೋನ್ ನಂಬರ್ ತಪ್ಪಿದ್ದ ಪುಟ. ಆರನ್ನೂ ಒಂದು ಮಾಡಿ, ಕನ್ನಡ ಲಿಪಿಯಲ್ಲೇ ಬರೆದು, ಇಂಗ್ಲಿಷ್ ಅಕ್ಷರದ ಹೆಸರನ್ನು ಒಂದು ಕಡೆ ಸಹಜವಾಗಿ ಸೇರಿಸಿದೆ. ಅಷ್ಟು ಸಾಕಾಯ್ತು.

ವಿಳಾಸದ ಎಡವಟ್ಟು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಪುಟಗಳ ವಿಳಾಸ ಕನ್ನಡದಲ್ಲಿತ್ತು. ವಾಟ್ಸ್ಆ್ಯಪ್‌ಗೆ ಕಾಪಿ ಮಾಡಿದರೆ ಬರೀ ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರದ ಸಾಲು. ಲೆಕ್ಕ ಹಾಕಿ ನೋಡಿದ್ದೆ. ಕಂಪ್ಯೂಟರ್ ಲೆಕ್ಕದಲ್ಲಿ 'ಅಪ್ಪೆಮಿಡಿ' ಅಂದರೆ ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲ ಸೇರಿ ಒಂಬತ್ತು ತುಂಡು. ಒಂದೊಂದು ತುಂಡು ವಿಳಾಸದಲ್ಲಿ ಒಂಬತ್ತು ಅಕ್ಷರ ಆಗುತ್ತದೆ. ಒಂದು ಪದಕ್ಕೆ 81! ಅಂಥ ವಿಳಾಸವನ್ನು ಗೂಗಲ್ ಸರಿಯಾಗೇ ಓದುತ್ತದೆ, ತೊಂದರೆ ಏನಿಲ್ಲ. ನನಗೆ ನೋಡೋಕೆ ಚೆನ್ನಾಗಿಲ್ಲ ಅಂತ ಒಂದೇ ರಾತ್ರಿ ಅಷ್ಟೂ ವಿಳಾಸ ಬದಲಾಯಿಸಿದೆ. ಹಳೇ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಬೇಕು ಅನ್ನೋದು ಗೊತ್ತಿರಲಿಲ್ಲ. ಮನೆ ಬದಲಾಯಿಸಿ ಪೋಸ್ಟ್‌ಮ್ಯಾನ್‌ಗೆ ಹೇಳದೇ ಹೋದ ಹಾಗಾಯ್ತು. ಅದೂ ಫೆಬ್ರವರಿಯಲ್ಲಿ, ಮಿಡಿ ಬರುವ ಹೊತ್ತಿಗೆ, ಜನ ಹುಡುಕುವ ಹೊತ್ತಿಗೆ ಸರಿಯಾಗಿ. ಆಗಷ್ಟೇ ದಿನಕ್ಕೆ ಹದಿನೈದಿಪ್ಪತ್ತು ಜನ ಬರುತ್ತಿದ್ದರು, ಮತ್ತೆ ಮೂರ್ನಾಲ್ಕಕ್ಕೆ ಇಳಿಯಿತು. ರೀಡೈರೆಕ್ಟ್ ಹಾಕಿದ ಮೇಲೂ ಮೊದಲಿನಂತಾಗೋಕೆ ಎರಡು ತಿಂಗಳಾಯ್ತು. ಸೀಸನ್ ಮುಗಿದಿತ್ತು.

ಆ ಗಾಬರಿಯಲ್ಲೇ, ಬೇರೆ ಸೈಟುಗಳು ನಮ್ಮ ಸೈಟಿಗೆ ಲಿಂಕ್ ಕೊಟ್ಟರೆ ಮೇಲೆ ಬರ್ತೀವಿ ಅಂತ, ಲಿಂಕ್ ಕೊಂಡೆ. ಮೂರು ಸಾವಿರ ರೂಪಾಯಿಗೆ ಐನೂರು ಬ್ಯಾಕ್‌ಲಿಂಕ್. ಬಂದ ಪಟ್ಟಿ ನೋಡಿದರೆ ರಷ್ಯನ್ ಭಾಷೆಯ ಜೂಜಿನ ಸೈಟು, ಟೈರ್ ಅಂಗಡಿ, ಕೂದಲಿನ ಎಣ್ಣೆ. ಅವರೆಲ್ಲ ಸಾಗರದ ಉಪ್ಪಿನಕಾಯಿಗೆ ಯಾಕೆ ಲಿಂಕ್ ಕೊಡ್ತಾರೆ ಅಂತ ಒಂದು ನಿಮಿಷ ಯೋಚಿಸಿದ್ದರೆ ದುಡ್ಡು ಉಳಿಯುತ್ತಿತ್ತು. ಗೂಗಲ್ 2012ರಲ್ಲಿ ಪೆಂಗ್ವಿನ್ ಅನ್ನೋ ಅಪ್‌ಡೇಟ್ ತಂದದ್ದೇ ಇಂಥ ಲಿಂಕ್ ಆಟ ನಿಲ್ಲಿಸೋಕೆ. 2016ರಿಂದ ಅಂಥ ಲಿಂಕನ್ನು ಹೆಚ್ಚಾಗಿ ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೂ ಹಾಗೇ ಆಯ್ತು, ಏರಲೂ ಇಲ್ಲ, ಇಳಿಯಲೂ ಇಲ್ಲ. ಕೆಲಸಕ್ಕೆ ಬಂದ ಲಿಂಕ್ ಒಂದೇ. ಅಮೆರಿಕದ ಒಂದು ಕನ್ನಡ ಕೂಟದವರು ಅಮ್ಮನ ವಿಧಾನ ಓದಿ ತಮ್ಮ ಪುಟದಲ್ಲಿ ಹಾಕಿಕೊಂಡದ್ದು. ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ.

ದಿನಾ ಬೆಳಿಗ್ಗೆ ರ‍್ಯಾಂಕ್ ನೋಡುವ ಚಟವೂ ಇತ್ತು. ನನ್ನ ಫೋನಿನಲ್ಲಿ ನಾವು ಒಂದನೇ ಜಾಗ. ಹುಬ್ಬಳ್ಳಿಯ ಗೆಳತಿಗೆ ಹುಡುಕೋಕೆ ಹೇಳಿದರೆ ಎರಡನೇ ಪುಟದಲ್ಲಿ. ಸರ್ಚ್ ಕನ್ಸೋಲ್‌ನಲ್ಲಿ ಸರಾಸರಿ ಹನ್ನೊಂದು. ಮೂರೂ ನಿಜವೇ, ಯಾಕೆಂದರೆ ಯಾರು, ಎಲ್ಲಿಂದ ಹುಡುಕುತ್ತಾರೆ ಅನ್ನೋದರ ಮೇಲೆ ಅದು ಬದಲಾಗುತ್ತದೆ. ಈಗ ತಿಂಗಳಿಗೊಮ್ಮೆ ನೋಡುತ್ತೇನೆ.

ಬದಲಾವಣೆ ಬಂದದ್ದು 2021ರ ಮಳೆಗಾಲದಲ್ಲಿ, ಅದೂ ಬೇಜಾರಿನಿಂದ. ಕರೆಂಟ್ ಇಲ್ಲ, ನೆಟ್ ಇಲ್ಲ, ಸುಮ್ನೆ ಕೂತಿದ್ದೆ. ಅಮ್ಮ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು: "ಉದುರಿದ ಮಿಡಿ ಹಾಕಿರ್ತೀರಿ, ಅದಕ್ಕೇ ಮೆತ್ತಗಾಗಿದ್ದು. ತೊಟ್ಟು ಇರೋ ಹಾಗೆ ಕೈಯಲ್ಲೇ ಕೊಯ್ದದ್ದು ಆಗ್ಬೇಕು. ಸೊನೆ ಒಳಗೇ ಉಳೀಬೇಕು. ಉಪ್ಪು ಕಮ್ಮಿ ಮಾಡ್ಬೇಡಿ, ಹಸಿ ಚಮಚ ಹಾಕ್ಬೇಡಿ." ಒಂದು ವರ್ಷದಿಂದ ಇದೇ ಮಾತನ್ನು ಕೇಳಿಸಿಕೊಂಡು ರೇಗಿದ್ದೆ. ಒಂದು ಹಳೇ ನೋಟ್‌ಬುಕ್ ತೆಗೆದು, ಯಾರು ಫೋನ್ ಮಾಡಿದರೂ ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆಯೋಕೆ ಶುರು ಮಾಡಿದೆ. ಎರಡು ವಾರಕ್ಕೆ ಇಪ್ಪತ್ತಾರು ಪ್ರಶ್ನೆ. ಕೆಲವು ಒಂದೇ, ಕೇಳುವ ರೀತಿ ಬೇರೆ.

'ಮಿಡಿ ಉಪ್ಪಿನಕಾಯಿ ಮೆತ್ತಗಾಗುವುದು ಯಾಕೆ' ಅಂತಲೇ ಒಂದು ಪುಟ ಮಾಡಿದೆ. ಅಮ್ಮ ಹೇಳಿದ್ದು ಹೇಳಿದ ಹಾಗೆ, ಮೆತ್ತಗಾದ ಮಿಡಿ, ಗಟ್ಟಿ ಮಿಡಿ ಪಕ್ಕಪಕ್ಕ ಇಟ್ಟು ತೆಗೆದ ಒಂದು ಫೋಟೋ, ಅಷ್ಟೇ. ಹಸಿರು ದೀಪ ಬರಲಿಲ್ಲ, ಪ್ಲಗಿನ್ನನ್ನೇ ತೆಗೆದು ಹಾಕಿದೆ. ಮೂರು ತಿಂಗಳು ಏನೂ ಆಗಲಿಲ್ಲ. ಆಮೇಲೆ ನಿಧಾನಕ್ಕೆ ಜನ ಬಂದರು, ಓದಿದರು, ಕೆಳಗಿದ್ದ ನಂಬರಿಗೆ ಫೋನ್ ಮಾಡಿದರು. ಮುಂದಿನ ಸೀಸನ್‌ಗೆ ಮೂರು ಭರಣಿ ಸಾಲದೆ ಐದಾಯ್ತು. 'ಆನ್‌ಲೈನ್ ಉಪ್ಪಿನಕಾಯಿ' ಅಂತ ಹುಡುಕಿದರೆ ಇವತ್ತಿಗೂ ನಾವು ಎಲ್ಲೂ ಕಾಣುವುದಿಲ್ಲ. ಅಲ್ಲಿ ದೊಡ್ಡ ದೊಡ್ಡ ಅಂಗಡಿಗಳಿವೆ. ಮೊದಲ ವರ್ಷ ಪೂರ್ತಿ ನಾನು ಗುದ್ದಾಡಿದ್ದು ಆ ಪದಕ್ಕೇ.

ನಡುವೆ ಮಾವಿನಕಾಯಿಯ ಆರೋಗ್ಯ ಲಾಭಗಳು ಅಂತ ಅಲ್ಲಿ ಇಲ್ಲಿ ನೋಡಿ ನಲವತ್ತು ಲೇಖನ ತುಂಬಿದ್ದೆ, ಅವನ್ನು 2022ರಲ್ಲಿ ಅಳಿಸಿದೆ. ಒಬ್ಬರೂ ಕೇಳಲಿಲ್ಲ ಎಲ್ಲಿ ಹೋಯ್ತು ಅಂತ.

ಹೋದ ವಾರ ಸರ್ಚ್ ಕನ್ಸೋಲ್‌ನಲ್ಲಿ ಹೊಸದೊಂದು ಪ್ರಶ್ನೆ ಕಂಡಿತು, 'ಮಿಡಿ ಉಪ್ಪಿನಕಾಯಿ ಫ್ರಿಜ್‌ನಲ್ಲಿ ಇಡಬಹುದಾ'. ನಲವತ್ತು ಸಲ ನಮ್ಮ ಸೈಟ್ ಕಾಣಿಸಿದೆ, ಒಬ್ಬರೂ ಒತ್ತಿಲ್ಲ. ಅದಕ್ಕೆ ಉತ್ತರ ನಮ್ಮಲ್ಲಿ ಇರಲೇ ಇಲ್ಲ. ನೋಟ್‌ಬುಕ್ ಹಿಡಿದು ಅಡುಗೆಮನೆಗೆ ಹೋದೆ. ಅಮ್ಮ ಸಾಸಿವೆ ಆರಿಸುತ್ತಿದ್ದಳು. "ಭರಣಿ ಇದ್ದ ಮೇಲೆ ಫ್ರಿಜ್ ಎಂತಕ್ಕೆ?" ಅಂದಳು. ಬೆಂಗಳೂರಿನಲ್ಲಿ ಭರಣಿ ಎಲ್ಲಿಂದ ಬರ್ತದಮ್ಮ ಅಂದೆ. ಸ್ವಲ್ಪ ಯೋಚಿಸಿ, "ಹಂಗಾದ್ರೆ ಬರ್ಕೋ" ಅಂದಳು.