ಮನೆಯ ಸೌದೆಗೆ ಚೈನ್ ಸಾ: ಮೊದಲು ಬಾರ್, ಆಮೇಲೆ ಎಂಜಿನ್

ಮನೆಗೆ ಬೇಕಾದ ಸೌದೆಯನ್ನು ತಾವೇ ಕೊಯ್ದುಕೊಳ್ಳಲು ಹೊರಟವರು ಚೈನ್ ಸಾ ಆರಿಸುವಾಗ ಸಾಮಾನ್ಯವಾಗಿ ಎಂಜಿನ್ನಿನ ಬಲವನ್ನು ಮೊದಲು ವಿಚಾರಿಸುತ್ತಾರೆ. ಅದಕ್ಕೂ ಮುಂಚೆ ಅಳತೆಪಟ್ಟಿ ಹಿಡಿದು ದಿಮ್ಮಿಗಳ ಬಳಿಗೆ ಹೋಗುವುದು ಒಳ್ಳೆಯದು. ಎಂದೋ ಒಮ್ಮೆ ಸಿಗುವ ಭಾರಿ ಕಾಂಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ವರ್ಷವಿಡೀ ಕೊಯ್ಯುವ ಮರದಲ್ಲಿ ಬಹುಪಾಲು ಎಷ್ಟು ದಪ್ಪವಿದೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು. ಆ ದಪ್ಪಕ್ಕೆ ಎರಡು ಇಂಚು ಸೇರಿಸಿದರೆ ಬೇಕಾದ ಬಾರ್‌ನ, ಅಂದರೆ ಚೈನ್ ಸುತ್ತ ಓಡುವ ಲೋಹದ ಪಟ್ಟಿಯ, ಉದ್ದ ಹೆಚ್ಚುಕಡಿಮೆ ಸಿಕ್ಕಂತೆಯೇ.

10 ಇಂಚಿನೊಳಗಿನ ಕೊಂಬೆಗಳಿಗೆ 12 ಇಂಚಿನ ಬಾರ್ ಸಾಕು. 12ರಿಂದ 14 ಇಂಚು ದಪ್ಪದ ದಿಮ್ಮಿಗಳಿಗೆ 16 ಇಂಚಿನದು ಹೊಂದುತ್ತದೆ. ಬಾರ್‌ನ ಅಳತೆ ಎಂದರೆ ಯಂತ್ರದ ಮೈಯಿಂದ ಹೊರಕ್ಕೆ ಚಾಚಿದ ಭಾಗದ ಉದ್ದ. ಕವಚದೊಳಗೆ ಹುದುಗಿರುವ ಬಾಲ ಇದರಲ್ಲಿ ಸೇರುವುದಿಲ್ಲ. ಮೈಯ ಮುಂಭಾಗದಲ್ಲಿ ಮರಕ್ಕೆ ಕಚ್ಚಿಕೊಳ್ಳುವ ಮೊನಚು ಹಲ್ಲುಗಳಿದ್ದರೆ ಬಳಕೆಗೆ ಸಿಗುವ ಉದ್ದ ಇನ್ನೂ ಸ್ವಲ್ಪ ಕಡಿಮೆಯಾಗುತ್ತದೆ. ಅಪರೂಪಕ್ಕೆ ಬರುವ ದಪ್ಪ ಕಾಂಡವನ್ನು ಎರಡು ಕಡೆಯಿಂದಲೂ ಕೊಯ್ದು ಮುಗಿಸಬಹುದಾದ್ದರಿಂದ, ಅದೊಂದಕ್ಕಾಗಿ ಉದ್ದನೆಯ ಬಾರ್ ಕೊಳ್ಳುವ ಅಗತ್ಯವಿಲ್ಲ.

ಉದ್ದ ಹೆಚ್ಚಾದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಬಾರ್‌ನ ಮೂತಿಯ ಮೇಲರ್ಧ ಯಾವುದಕ್ಕಾದರೂ ತಗುಲಿದರೆ, ಬಾರ್ ಕಣ್ಣು ಮಿಟುಕಿಸುವುದರೊಳಗೆ ಮೇಲಕ್ಕೆದ್ದು ಹಿಡಿದವರ ಕಡೆಗೇ ಹಾರುತ್ತದೆ. ಇದನ್ನೇ ಕಿಕ್‌ಬ್ಯಾಕ್ ಎನ್ನುವುದು. ಸೌದೆಯ ರಾಶಿಯಲ್ಲಿ ಕೆಲಸ ಮಾಡುವಾಗ, ಕೊಯ್ಯುತ್ತಿರುವ ದಿಮ್ಮಿಯ ಆಚೆಗೆ ಕಾಣದಂತೆ ಚಾಚಿಕೊಂಡ ಮೂತಿ ಪಕ್ಕದ ತುಂಡಿಗೆ ತಗುಲುವುದು ಬಹಳ ಸುಲಭ. ಹಾಗೆಯೇ ನೆಲಕ್ಕೆ ತಾಗಿ ಮಣ್ಣು ಕಚ್ಚಿದರೆ ಕ್ಷಣಾರ್ಧದಲ್ಲಿ ಚೈನ್‌ನ ಹಲ್ಲು ಮೊಂಡಾಗುತ್ತದೆ. ಬಾರ್ ದಿಮ್ಮಿಗಿಂತ ಗಿಡ್ಡವಾಗಿದ್ದರೂ ಅಪಾಯ ತಪ್ಪಿದ್ದಲ್ಲ, ಏಕೆಂದರೆ ಆಗ ಮೂತಿ ಮರದೊಳಗೇ ಉಳಿಯುತ್ತದೆ. ಮೇಲೆ ಹೇಳಿದ ಎರಡು ಇಂಚಿಗೆ ಕಾರಣ ಇದೇ. ಮುಂದಿನ ಕೈಗಾವಲನ್ನು ತಳ್ಳಿದೊಡನೆ ಚೈನ್ ನಿಲ್ಲಿಸುವ ಬ್ರೇಕ್ ಇಲ್ಲದ ಯಂತ್ರವನ್ನು, ಅದೆಷ್ಟೇ ಅಗ್ಗವಾಗಿದ್ದರೂ, ಕೊಳ್ಳಬಾರದು.

ಇನ್ನು ಹಲ್ಲು ಹರಿತ ಮಾಡಲು ಅರ ಹಿಡಿದು ಕೂರುವ ಕೆಲಸ. 16 ಇಂಚಿನ ಚೈನ್‌ನಲ್ಲಿ ಸುಮಾರು 28 ಕೊಯ್ಯುವ ಹಲ್ಲುಗಳಿದ್ದರೆ 20 ಇಂಚಿನದರಲ್ಲಿ ಸುಮಾರು 36 ಇರುತ್ತವೆ. ಪ್ರತಿಯೊಂದನ್ನೂ ಒಂದೇ ಓರೆಯಲ್ಲಿ ಉಜ್ಜಬೇಕಾದಾಗ ಈ ಎಂಟು ಹಲ್ಲುಗಳ ವ್ಯತ್ಯಾಸ ಕೈಗೆ ಚೆನ್ನಾಗಿಯೇ ತಿಳಿಯುತ್ತದೆ.

ಬಾರ್ ನಿರ್ಧಾರವಾದ ಮೇಲೆ ಎಂಜಿನ್ ಆರಿಸುವುದು ಕಷ್ಟವಲ್ಲ. 12–14 ಇಂಚಿಗೆ 30ರಿಂದ 40 ಸಿಸಿ, 16 ಇಂಚಿಗೆ 40–45 ಸಿಸಿ, 18 ಇಂಚಿಗೆ 50 ಸಿಸಿಯ ಆಸುಪಾಸು, 20 ಇಂಚಿಗೆ 55 ಸಿಸಿಗೆ ಮೇಲ್ಪಟ್ಟು ಎಂಬುದು ನಂಬಬಹುದಾದ ಲೆಕ್ಕ. ಒಣಗಿದ ಗಟ್ಟಿ ಮರವೇ ಹೆಚ್ಚಾಗಿದ್ದರೆ ಬಾರ್ ಅಷ್ಟೇ ಇರಲಿ, ಎಂಜಿನ್ ಮಾತ್ರ ಒಂದು ಮೆಟ್ಟಿಲು ಮೇಲಿರಲಿ. ಚಿಕ್ಕ ಯಂತ್ರಕ್ಕೆ ಉದ್ದನೆಯ ಬಾರ್ ಜೋಡಿಸುವ ತಪ್ಪನ್ನು ನಾನೇ ಮಾಡಿದ್ದೇನೆ: 40 ಸಿಸಿ ಯಂತ್ರಕ್ಕೆ 20 ಇಂಚಿನ ಬಾರ್ ಹಾಕಿದಾಗ ಚೈನ್ ಅರ್ಧ ಕೊಯ್ತದಲ್ಲೇ ಏದುಸಿರು ಬಿಟ್ಟು ನಿಂತಿತು, ಪಂಪ್ ಸುರಿಸುವ ಎಣ್ಣೆ ಅಷ್ಟುದ್ದಕ್ಕೆ ಸಾಲದೆ ಬಾರ್‌ನ ಅಂಚು ಕಾದು ನೀಲಿಗಟ್ಟಿತು. ಹಾಗೆಂದು ಬಲವನ್ನು ಮಿತಿಮೀರಿ ಏರಿಸುವುದೂ ಸಲ್ಲದು. 40 ಸಿಸಿ ಯಂತ್ರ ಬಾರ್ ಬಿಟ್ಟು 4ರಿಂದ 5 ಕೆಜಿ ತೂಗಿದರೆ 60 ಸಿಸಿಯದು 6 ಕೆಜಿಯ ಹತ್ತಿರ ಬರುತ್ತದೆ. ಅಂಗಡಿಯಲ್ಲಿ ಅರೆಕ್ಷಣ ಎತ್ತಿದಾಗ ಅದು ಹಗುರವೆನಿಸಬಹುದು, ಒಂದು ಗಂಟೆ ಬಗ್ಗಿ ಕೆಲಸ ಮಾಡಿದ ಮೇಲೆ ಹಾಗೆನಿಸುವುದಿಲ್ಲ. ದಣಿದ ತೋಳಿನಲ್ಲಿ ಹಿಡಿತ ಸಡಿಲವಾಗುತ್ತದೆ.

ವಾರಕ್ಕೊಮ್ಮೆ ನಾಲ್ಕಾರು ಕೊಂಬೆಗಳನ್ನಷ್ಟೇ ತುಂಡರಿಸುವವರಿಗೆ ಬ್ಯಾಟರಿ ಯಂತ್ರ ಸಾಕಾಗುತ್ತದೆ. ಪೆಟ್ರೋಲ್‌ಗೆ ಟೂ-ಸ್ಟ್ರೋಕ್ ಎಣ್ಣೆ ಬೆರೆಸುವ ಗೊಡವೆ ಅದರಲ್ಲಿಲ್ಲ. ಆದರೆ ಚೈನ್‌ಗೆ ಹಾಕುವ ಎಣ್ಣೆ ಅದಕ್ಕೂ ಬೇಕು.

ಕೊಳ್ಳುವ ದಿನವೇ ಬಾರ್‌ನ ಬಾಲದ ಬಳಿ ಅಚ್ಚೊತ್ತಿರುವ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಚೈನ್‌ನ ಕೊಂಡಿಗಳ ನಡುವಿನ ಅಂತರವಾದ ಪಿಚ್, ಬಾರ್‌ನ ಅಂಚಿನ ತೋಡಿನ ಅಗಲವಾದ ಗೇಜ್, ಆ ತೋಡಿನೊಳಗೆ ಓಡುವ ಡ್ರೈವ್ ಲಿಂಕ್‌ಗಳ ಸಂಖ್ಯೆ, ಈ ಮೂರೂ ಹೊಂದಿದರೆ ಮಾತ್ರ ಹೊಸ ಚೈನ್ ಕೂರುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ 3/8 ಇಂಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಅಥವಾ 0.325 ಇಂಚಿನ ಪಿಚ್ ಹೆಚ್ಚಾಗಿ ಕಾಣಸಿಗುತ್ತದೆ. ಮೊದಲನೆಯದಕ್ಕೆ ಸಾಮಾನ್ಯವಾಗಿ 4 ಮಿಮೀ, ಎರಡನೆಯದಕ್ಕೆ 4.8 ಮಿಮೀ ದುಂಡು ಅರ ಬೇಕಾಗುತ್ತದೆ. ಬಾರ್ ಒಂದೇ ಉದ್ದದ್ದಾಗಿದೆಯೆಂದು 16 ಇಂಚಿನ ಯಾವುದೋ ಚೈನ್ ತಂದರೆ, ಅದು ತೋಡಿನೊಳಗೆ ಇಳಿಯದೆ ಮೇಲೆಯೇ ಕುಳಿತಿರಬಹುದು.